ಡಬಲ್ ಎಲ್ಲಿ ಹಾಕ್ಲಿ?

ಇಳಕಲ್ಲಿನ ಸಿಂಪಿಗ ನೀಲಕಂಠಪ್ಪನಿಗೆ ಊರ ಮಂದಿಯ ಮುಖದ ಪರಿಚಯ ಅಷ್ಟಕ್ಕಷ್ಟೇ. ಅವನು ಮನುಷ್ಯರನ್ನು ಗುರುತಿಸುತ್ತಿದ್ದುದು ಹಿಂದಿನಿಂದ, ಸೊಂಟದ ಕೆಳಗೆ. ನಾನೇ ಎದುರಿಗೆ ನಿಂತು "ಶರಣ್ರಿ ಕಾಕಾ" ಅಂದರೆ ಕಣ್ಣು ಕಿರಿದು ಮಾಡಿ "ಯಾರಪಾ ನೀ?" ಅನ್ನುತ್ತಿದ್ದ. ಬೇಸರಪಟ್ಟು ಹೊರಳಿ ಹೊರಟರೆ ಬೆನ್ನ ಹಿಂದಿನಿಂದ ಕರೆ ಬರುತ್ತಿತ್ತು: "ಏ, ಮಾಂತ್ಯಾ ಅಲ್ಲೇನೋ, ಬಾ ಚಾ ಕುಡಿ." ಊರಿನ ಅರ್ಧ ಗಂಡಸರ ಪ್ಯಾಂಟು ಅವನ ಕೈಯಲ್ಲಿ ಹೊಲಿದದ್ದು. ಯಾವ ಪ್ಯಾಂಟು ಯಾರ ಮೇಲೆ ಹೇಗೆ ಸವೆಯುತ್ತದೆ ಎಂಬುದು ಅವನಿಗೆ ಬಾಯಿಪಾಠ.

ಅಂಗಡಿ ಎಂದರೆ ಎಂಟು ಅಡಿ ಅಗಲದ ಖೋಲಿ. ಒಂದು ಹೊಲಿಗೆ ಮಷಿನ್ನು, ಗೋಡೆಗೆ ಬಸವಣ್ಣನ ಫೋಟೋ, ಅದರ ಕೆಳಗೆ ಹರಕು ಪ್ಯಾಂಟುಗಳ ಗುಡ್ಡೆ. ರಿಪೇರಿಗೆ ಬಂದ ಪ್ಯಾಂಟನ್ನು ಮೊದಲು ಒಳಹೊರಗು ಮಾಡಿ, ಬಾಗಿಲ ಬೆಳಕಿಗೆ ಹಿಡಿದು, ದವಾಖಾನೆಯವರು ಎಕ್ಸ್‌ರೇ ನೋಡಿದ ಹಾಗೆ ನೋಡುತ್ತಿದ್ದ. ಆಮೇಲೆ ತೀರ್ಪು. ಒಬ್ಬ ಪುಢಾರಿಯ ಪ್ಯಾಂಟು ಹಿಡಿದು, "ಎಲ್ಲಾ ಹರದೈತಿ, ಕಿಸೆ ಮಾತ್ರ ಹೊಸಾದೈತಿ. ಕೈ ಯಾವಾಗ್ಲೂ ಮಂದಿ ಕಿಸೇದಾಗ ಇದ್ರ ತನ್ನ ಕಿಸೆ ಹ್ಯಾಂಗ ಸವದೀತು?" ಅಂದಿದ್ದ. ಹೊಸದಾಗಿ ಮದುವೆಯಾದ ಮಾಸ್ತರರೊಬ್ಬರ ಪ್ಯಾಂಟಿನ ತುದಿಯ ಕೆಸರು ನೋಡಿ, "ಹೆಂಡ್ತಿ ತವರಮನಿಗೆ ಹೋಗ್ಯಾಳ. ದಿನಾ ಸಂಜಿಕೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲತಾರ ಪಾಪ" ಅಂದ. ವಿಚಾರಿಸಿದರೆ ಖರೆ.

ಹೊಸ ಪ್ಯಾಂಟಿಗೆ ಅಳತೆ ತೆಗೆದ ಮೇಲೆ ಅವನದೊಂದು ಕೊನೆಯ ಪ್ರಶ್ನೆ ಇರುತ್ತಿತ್ತು: "ಡಬಲ್ ಎಲ್ಲಿ ಹಾಕ್ಲಿ?" ಉಳಿದ ಬಟ್ಟೆಯನ್ನು ಅವನು ವ್ಯರ್ಥ ಮಾಡುತ್ತಿರಲಿಲ್ಲ, ಎಲ್ಲಿ ಹೆಚ್ಚು ಸವೆಯುತ್ತದೋ ಅಲ್ಲಿ ಒಳಗಿನಿಂದ ಇನ್ನೊಂದು ಪದರ ಹಾಕುತ್ತಿದ್ದ. ಕಲ್ಲಿನ ಕ್ವಾರಿಯವರು ಮೊಣಕಾಲು ಅನ್ನುತ್ತಿದ್ದರು, ಲಾರಿ ಓಡಿಸುವವರು ಕುಂಡಿ ಅನ್ನುತ್ತಿದ್ದರು. ಸುಳ್ಳು ಹೇಳುವವರೂ ಇದ್ದರು. ದಿನವಿಡೀ ಕಟ್ಟೆಯ ಮೇಲೆ ಬಿದ್ದುಕೊಂಡಿರುವವನು ಬಂದು "ಮೊಣಕಾಲಿಗೆ ಹಾಕ ಕಾಕಾ, ಕೆಲಸ ಭಾಳ" ಅಂದರೆ ನೀಲಕಂಠಕಾಕಾ ಅವನ ಹಳೆಯ ಪ್ಯಾಂಟಿನ ಹಿಂಭಾಗವನ್ನು ಒಮ್ಮೆ ನೋಡುತ್ತಿದ್ದ, ಅಷ್ಟೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಇಪ್ಪತ್ತು ವರ್ಷ, ತಲೆಯ ತುಂಬ ಕ್ರಿಕೆಟ್ಟು. ಊರಿನ ತಂಡದ ಬಿಳಿ ಪ್ಯಾಂಟುಗಳನ್ನು ನೀಲಕಂಠಕಾಕಾನೇ ಹೊಲಿಯುತ್ತಿದ್ದುದರಿಂದ ನಮ್ಮ ಹರಟೆ ನಡೆಯುತ್ತಿದ್ದುದೂ ಅವನ ಬಾಗಿಲಲ್ಲೇ. ಜಗತ್ತಿನ ದೊಡ್ಡ ಆಟಗಾರರು ಅಷ್ಟು ದೊಡ್ಡವರಾಗುವುದು ಯಾತರಿಂದ ಎಂಬುದು ನಮ್ಮ ಮುಗಿಯದ ಚರ್ಚೆ. ಒಬ್ಬ ಮಣಿಕಟ್ಟು ಅಂದರೆ ಇನ್ನೊಬ್ಬ ಕಣ್ಣು ಅನ್ನುತ್ತಿದ್ದ, ಮತ್ತೊಬ್ಬ ವಿಲಾಯತಿ ಬ್ಯಾಟು. ನಮ್ಮ ಕಪ್ತಾನ ಅಶೋಕ, ಕ್ವಾರಿ ಮಾಲಕರ ಮಗ, ಎಲ್ಲಾ ಇರುವುದು ಕೋಳಿಯ ತತ್ತಿಯಲ್ಲಿ ಎಂದು ಖಾತ್ರಿಯಾಗಿ ಹೇಳಿದ. ಲಿಂಗ ಕಟ್ಟಿದ ಮನೆತನದ ನಾನು ಎರಡು ತಿಂಗಳು ಕದ್ದು ತತ್ತಿ ತಿಂದೆ. ಸಿಕ್ಸರು ಬರಲಿಲ್ಲ, ಗ್ಯಾಸು ಬಂತು.

ನೀಲಕಂಠಕಾಕಾ ಜೀವಮಾನದಲ್ಲಿ ಒಂದು ಮ್ಯಾಚೂ ನೋಡಿದವನಲ್ಲ. "ಇಬ್ರು ಓಡ್ತಾರ, ಹನ್ನೊಂದ ಮಂದಿ ನಿಲ್ಲತಾರ, ಉಳದವ್ರು ಕುಂತು ಚಾ ಕುಡೀತಾರ. ಇದಕ್ಕ ಆಟ ಅಂತೀರಿ" ಅನ್ನುತ್ತ ಮಷಿನ್ನು ತುಳಿಯುತ್ತಿದ್ದ.

ನಮ್ಮಪ್ಪನದು ಸೀರೆ ಅಂಗಡಿ. ಮಗ ಗಾದಿಯ ಮೇಲೆ ಕೂಡಬೇಕು ಎಂಬುದು ಅಪ್ಪನ ಹಟ, ಸತ್ತರೂ ಕೂಡುವುದಿಲ್ಲ ಎಂಬುದು ನನ್ನ ಹಟ. ಅಷ್ಟರಲ್ಲಿ ಕ್ವಾರಿ ಮಾಲಕರೆಲ್ಲ ಸೇರಿ ಸಾಲಿಯ ಮೈದಾನದಲ್ಲಿ ಒಂದು ಪ್ರದರ್ಶನ ಪಂದ್ಯ ಇಟ್ಟರು. ಪರದೇಶದ ಮೈದಾನಗಳಲ್ಲಿ ಹೆಸರು ಮಾಡಿದ ಆಟಗಾರರೊಬ್ಬರು ಬರುವುದು ಗೊತ್ತಾಯಿತು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅವರನ್ನೇ ನೋಡುತ್ತ ಕೂಡುತ್ತೀರಿ, ನನ್ನ ಸಿಂಪಿಗ ಹಿಂದೆ ಉಳಿಯುತ್ತಾನೆ. ಅಪ್ಪ ಒಂದು ಕರಾರು ಹಾಕಿದ: "ಆ ದೊಡ್ಡ ಮನಿಷ್ಯಾ ನಿನ್ನ ನೋಡಿ ಒಂದ ಸಲ ಛಲೋ ಅಂದ್ರ ಸಾಕು, ಹುಬ್ಬಳ್ಳಿಗೆ ಹೋಗಿ ಆಡು, ರೊಕ್ಕಾ ನಾ ಕೊಡ್ತೇನಿ. ಅನ್ಲಿಲ್ಲಂದ್ರ ಮರುದಿನಾನ ಅಂಗಡಿ." ನಾನು ಒಪ್ಪಿದೆ. ಆ ಪಂದ್ಯದಲ್ಲೂ ನಾನು ಎಂದಿನಂತೆ ಹನ್ನೆರಡನೆಯವನು, ಅಂದರೆ ನೀರಿನ ತಂಬಿಗೆ ಒಯ್ಯುವವನು, ಎಂಬುದನ್ನು ಅಪ್ಪನಿಗೆ ಹೇಳಲಿಲ್ಲ.

ಪಂದ್ಯ ಅಂದರೆ ತಮಾಷೆ. ಹೊರಗಿನಿಂದ ಬಂದ ಆಟಗಾರರು ಕೈ ಬೀಸುತ್ತ, ಮಂದಿಯ ಜೊತೆ ನಗುತ್ತ ನಿಂತಿದ್ದರು. ಆ ದೊಡ್ಡವರೊಬ್ಬರೇ ಪ್ರತಿ ಚೆಂಡಿಗೂ ಮೊಣಕಾಲು ಬಗ್ಗಿಸಿ ಸಿದ್ಧವಾಗುತ್ತಿದ್ದರು. ಊಟದ ವೇಳೆಗೆ ಸ್ವಲ್ಪ ಮುಂಚೆ ಅಶೋಕ ಹೊಡೆದ ಚೆಂಡು ಗೆರೆಯ ಕಡೆ ಹೊರಟಿತು. ಅವರು ಓಡಿ ಬಂದು, ಗರಸಿನ ನೆಲದ ಮೇಲೆ ಜಾರಿ ಬಿದ್ದು, ಅದನ್ನು ತಡೆದರು. ನಾಲ್ಕು ಹೋಗಿ ಮೂರಾಯಿತು. ಒಂದು ರನ್ನಿಗಾಗಿ, ಅದೂ ಇಳಕಲ್ಲಿನಲ್ಲಿ. ಎಡ ಮೊಣಕಾಲಿನ ಹತ್ತಿರ ಪ್ಯಾಂಟು ಗೇಣುದ್ದ ಹರಿದು ರಕ್ತ ಕಾಣಿಸಿತು. ಇನ್ನೊಂದು ಪ್ಯಾಂಟಿದ್ದ ಸೂಟ್‌ಕೇಸು ಹೊಸಪೇಟೆಯ ಲಾಡ್ಜಿನಲ್ಲಿ. ಹೀಗೆ ವಿಶ್ವವಿಖ್ಯಾತರು ಹೆಡ್‌ಮಾಸ್ತರರ ಖೋಲಿಯಲ್ಲಿ ಟವೆಲ್ಲು ಸುತ್ತಿಕೊಂಡು ಉಳಿದರು, ಅವರ ಪ್ಯಾಂಟು ಹಿಡಿದು ನಾನು ಸೈಕಲ್ ತುಳಿದೆ.

"ಕಾಕಾ, ಲಗೂನ ಹೊಲಿ. ಇದು ಯಾರ ಪ್ಯಾಂಟ ಗೊತ್ತೈತೇನು?"

"ತಡಿ, ಅದನ್ನ ನಾ ಹೇಳ್ತೇನಿ."

ಪ್ಯಾಂಟು ಒಳಹೊರಗಾಯಿತು. ನೀಲಕಂಠಕಾಕಾ ಚಷ್ಮಾ ಏರಿಸಿದ. ಯಾವ ಪ್ಯಾಂಟನ್ನೂ ಅವನು ಇಷ್ಟು ಹೊತ್ತು ಹಿಡಿದು ನೋಡಿದ್ದಿಲ್ಲ.

"ಇಲ್ಲಿ ನೋಡ. ಈ ಮೊಣಕಾಲಿಗೆ ಆಗಲೇ ನಾಕ ಸಲ ತ್ಯಾಪಿ ಬಿದ್ದಾವ, ನಾಕ ಬ್ಯಾರೆ ಬ್ಯಾರೆ ಕೈ. ಇದು ನಮ್ಮ ದೇಶದ ದಾರ ಅಲ್ಲ. ಇದು ಸಿಂಪಿಗರ ಕೈನೂ ಅಲ್ಲ, ತಾನ ಹೊಲಕೊಂಡಾನ, ಸೂಜಿ ಹಿಡ್ಯಾಕ ಬರೂದಿಲ್ಲ ಮಗನಿಗೆ." ಹೊರಳಿಸಿ ಇನ್ನೊಂದು ಮೊಣಕಾಲು ನೋಡಿದ. "ಇದೂ ಅಷ್ಟ ಸವದೈತಿ." ಆಮೇಲೆ ಕೂಡುವ ಜಾಗದ ಬಟ್ಟೆಯನ್ನು ಎರಡು ಬೆರಳಿನ ನಡುವೆ ತಿಕ್ಕಿದ, ಮತ್ತೊಮ್ಮೆ ತಿಕ್ಕಿದ. "ಇಲ್ಲಿ ಅರಿವಿ ಈಗ ಅಂಗಡಿಯಿಂದ ತಂದಂಗ ಐತಿ. ಮಾಂತ್ಯಾ, ಈ ಮನಿಷ್ಯಾ ಕುಂತಿಲ್ಲೋ."

"ಅಷ್ಟೇನಾ?" ಅಂದೆ. ಮಣಿಕಟ್ಟು, ಕಣ್ಣು, ತತ್ತಿ ಎಲ್ಲಾ ಹೋಗಿ ಇಷ್ಟೇ ಉಳಿಯಿತೇ ಎಂದು ನನಗೆ ಸಿಟ್ಟೇ ಬಂತು.

"ಮತ್ತೇನ ಬೇಕು? ನೀ ತಿರಗು."

ಬಿಳಿ ಟೆರಿಕಾಟ್ ಪ್ಯಾಂಟಿನಲ್ಲಿ ನಾನು ತಿರುಗಿ ನಿಂತೆ. ನೀಲಕಂಠಕಾಕಾ ನಿಧಾನಕ್ಕೆ ಹೇಳಿದ: "ಮೊಣಕಾಲ ಹೊಸಾವು. ಕುಂಡಿ ಹೊಳೀತೈತಿ. ಇದರಾಗ ಮಕ ನೋಡ್ಕೊಂಡು ಗಡ್ಡಾ ಹೆರಕೋಬೋದು."

ಅವನು ನಗಲಿಲ್ಲ. ನಕ್ಕಿದ್ದರೆ ನಾನು ಜಗಳವಾಡುತ್ತಿದ್ದೆ. ಹರಿದದ್ದಕ್ಕೆ ಐದನೆಯ ತ್ಯಾಪೆ ಹಚ್ಚಿ, ಇಸ್ತ್ರಿ ಎಳೆದು ಕೊಟ್ಟು, "ಬೀಳೂದು ಬಿಡಬ್ಯಾಡ್ರಿ, ತ್ಯಾಪಿ ಗಟ್ಟಿ ಹಾಕೇನಿ ಅಂತ ಹೇಳು" ಅಂದ.

ನಾನು ಮರಳಿದಾಗ ಉಳಿದವರೆಲ್ಲ ಶಾಮಿಯಾನದ ಕೆಳಗೆ ಕಾಲು ಚಾಚಿ ಕೂತು ಊಟ ಮಾಡುತ್ತಿದ್ದರು. ಹೆಡ್‌ಮಾಸ್ತರರ ಖೋಲಿಯಲ್ಲಿ ನಾಲ್ಕು ಖುರ್ಚಿ ಖಾಲಿ ಇದ್ದವು. ಟವೆಲ್ಲು ಸುತ್ತಿಕೊಂಡ ಆ ದೊಡ್ಡವರು ಕೈಯಲ್ಲಿ ಬ್ಯಾಟು ಹಿಡಿದು, ನಿಂತಲ್ಲೇ ನಿಂತು, ಇಲ್ಲದ ಚೆಂಡಿಗೆ ಮುಂಗಾಲು ಹಾಕುತ್ತಿದ್ದರು, ಮತ್ತೆ ಹಾಕುತ್ತಿದ್ದರು. ಸಿಂಪಿಗ ಹೇಳಿದ್ದು ಖರೆ ಇತ್ತು.

ಪ್ಯಾಂಟು ಹಾಕಿಕೊಂಡು ಹೊರಗೆ ಬಂದು ಎರಡು ಸಲ ಮೊಣಕಾಲು ಬಗ್ಗಿಸಿ ನೋಡಿದರು. ನನ್ನ ಮುರುಕು ಹಿಂದಿಯಲ್ಲಿ ಕಾಕಾನ ಮಾತು ಹೇಳಿದೆ. ಗಟ್ಟಿಯಾಗಿ ನಕ್ಕು, ನನ್ನ ಹೆಗಲು ತಟ್ಟಿ, "ವೆರಿ ಗುಡ್, ವೆರಿ ಗುಡ್" ಅಂದರು. ಇಡೀ ಊರು ನೋಡಿತು. ಅಂಗಡಿಯಿಂದ ಊಟಕ್ಕಷ್ಟೇ ಬಂದು ಶಾಮಿಯಾನದಲ್ಲಿದ್ದ ನಮ್ಮಪ್ಪನೂ ನೋಡಿದ.

ಅಪ್ಪ ಮಾತಿಗೆ ತಪ್ಪುವವನಲ್ಲ. ಮರುದಿನ ಬೆಳಿಗ್ಗೆ ಬಿಳಿ ಬಟ್ಟೆ ತಂದು ಕೈಗಿಟ್ಟ. "ಸಾವಿರ ಮಂದಿ ಮುಂದ ಅಂದಾರ. ಹುಬ್ಬಳ್ಳಿಗೆ ಹೋಗೂ ಮುಂದ ಹೊಸ ಪ್ಯಾಂಟ ಇರ್ಲಿ" ಅಂದ. ಅವನ ದನಿಯಲ್ಲಿ ಹೆಮ್ಮೆಯೂ ಇತ್ತು. ಅದೇ ನನ್ನನ್ನು ಕೊಂದದ್ದು. ಬಾಯಿ ಮುಚ್ಚಿಕೊಂಡು ಬಟ್ಟೆ ತೆಗೆದುಕೊಂಡೆ. ಸುಳ್ಳು ನಾನು ಹೇಳಿದ್ದಲ್ಲವಲ್ಲ, ತಾನಾಗಿ ಬಂದದ್ದು ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ನೀಲಕಂಠಕಾಕಾ ಸೊಂಟ, ತೊಡೆ, ಉದ್ದ ಎಲ್ಲಾ ಅಳೆದ. ಟೇಪನ್ನು ಕೊರಳಿಗೆ ಹಾಕಿಕೊಂಡು, ಎಲ್ಲರನ್ನೂ ಕೇಳುವಂತೆಯೇ ನನ್ನನ್ನೂ ಕೇಳಿದ:

"ಡಬಲ್ ಎಲ್ಲಿ ಹಾಕ್ಲಿ?"

ಮೊಣಕಾಲಿಗೆ ಅನ್ನಬೇಕೆಂದು ಬಾಯಿ ತೆಗೆದೆ, ಬರಲಿಲ್ಲ. ಕುಂಡಿಗೆ ಅನ್ನಲು ಮಾನ ಬಿಡಲಿಲ್ಲ. ಕೊನೆಗೆ ಅಂದೆ: "ಕಾಕಾ, ಅವ್ರು ವೆರಿ ಗುಡ್ ಅಂದದ್ದು ನಿನ್ನ ತ್ಯಾಪಿಗೆ."

"ನನಗ ಗೊತ್ತೈತಿ. ನಿಮ್ಮಪ್ಪಗ ಗೊತ್ತೈತೇನು?"

ಅವನು ಬಟ್ಟೆ ಮಡಚಿ ಪಕ್ಕಕ್ಕಿಟ್ಟ. "ಡಬಲ್ ಈಗ ಹಾಕೂದ ಬ್ಯಾಡ. ಉಳದ ಅರಿವಿ ನನ್ನ ಕಡೆ ಇರ್ಲಿ. ಎಲ್ಲಿ ಸವೀತೈತಿ ನೋಡಿ ಹಾಕೋಣಂತ."

ಮನೆಗೆ ಹೋಗಿ ಅಪ್ಪನಿಗೆ ಎಲ್ಲಾ ಹೇಳಿದೆ: ತಂಬಿಗೆ, ತ್ಯಾಪೆ, ವೆರಿ ಗುಡ್. ಅಪ್ಪ ಬೈಯಲಿಲ್ಲ. ಗಾದಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. "ಕೂಡು" ಅಂದ.

ಹತ್ತು ವರ್ಷ ನಾನು ನೀಲಕಂಠಕಾಕಾನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಪ್ಯಾಂಟು ಹೊಲಿಸಲು ಹೋಗುತ್ತಿದ್ದೆ, ಮಾತಾಡುತ್ತಿರಲಿಲ್ಲ, ಅವನೂ ಆ ಕೊನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಅವನು ನನ್ನಿಂದ ಆಟ ಕಿತ್ತುಕೊಂಡ ಎಂದೇ ನನ್ನ ಲೆಕ್ಕ. ಅಂಗಡಿಯ ರೇಡಿಯೋದಲ್ಲಿ ಕಾಮೆಂಟ್ರಿ ಬಂದರೆ ಕಿವಿ ಹಿಂಡುತ್ತಿದ್ದೆ, ರೇಡಿಯೋದ್ದು. ಆ ದಿನಗಳಲ್ಲಿ ರೆಡಿಮೇಡ್ ಪ್ಯಾಂಟುಗಳು ಬಂದವು. ಅವನ ಅಂಗಡಿಯ ಗುಡ್ಡೆ ಕರಗಿತು, ಅವನ ಎರಡೂ ಕಣ್ಣಿಗೆ ಪೊರೆ ಬಂತು. ಊರಿನ ಹುಡುಗರು ಎದುರಿಗೆ ಬಂದರೂ, ಹೊರಳಿ ಹೋದರೂ ಅವನಿಗೆ ಈಗ ಒಂದೇ.

ಒಂದು ದಿನ ಮೊಣಕಾಲು ಸವೆದ ಕಂದು ಪ್ಯಾಂಟು ಒಯ್ದು ಅವನ ಕೈಗಿಟ್ಟೆ. ಕಣ್ಣಿಗೆ ಹಿಡಿಯದೆ ಬೆರಳಿನಿಂದಲೇ ಓದತೊಡಗಿದ. ಎಡ ಮೊಣಕಾಲು, ಬಲ ಮೊಣಕಾಲು, ಆಮೇಲೆ ಹಿಂಭಾಗ.

"ಯಾರ ಪ್ಯಾಂಟೋ ಇದು?"

"ನಂದ ಕಾಕಾ, ಮಾಂತೇಶಂದು."

"ಸುಳ್ಳ ಹೇಳಬ್ಯಾಡ." ಮತ್ತೆ ಮುಟ್ಟಿ ನೋಡಿದ. "ನೀ ಅಂಗಡ್ಯಾಗ ಏನ್ ಮಾಡ್ತಿ?"

"ಏನ್ ಮಾಡ್ಲಿ ಕಾಕಾ, ಸೀರಿ ತೋರಸ್ತೇನಿ. ಒಬ್ಬಾಕಿ ಬಂದ್ರ ನಲವತ್ತ ಸೀರಿ ಬಿಚ್ಚಬೇಕು. ಸೆರಗ ತೋರ್ಸು, ದಡಿ ತೋರ್ಸು, ಮ್ಯಾಲಿಂದ ತಗಿ, ಕೆಳಗಿಂದ ತಗಿ. ಮೊಣಕಾಲೂರದ ನಡಿಯೂದಿಲ್ಲ. ಕೂಡಾಕ ಟೈಮ್ ಎಲ್ಲೈತಿ?"

"ಕೊಳ್ತಾರೇನು?"

"ಬರೀ ಕೈಲೆ ಹೋದಾಕಿ ಕಡಿಮಿ." ಅಂದ ಮೇಲೆ ನನಗೇ ಆಶ್ಚರ್ಯವಾಯಿತು. ಈ ಮಾತನ್ನು ನಾನು ಯಾರೆದುರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ.

ನೀಲಕಂಠಕಾಕಾ ಬೊಚ್ಚು ಬಾಯಲ್ಲಿ ನಕ್ಕ. "ಆ ದೊಡ್ಡ ಮನಿಷ್ಯಾನ ಪ್ಯಾಂಟ ನೆನಪೈತೇನು? ಥೇಟ್ ಹಂಗ ಸವದೈತಿ ನೋಡ. ಎರಡೂ ಮೊಣಕಾಲ ಒಂದ ಸಮ, ಕುಂಡಿ ಹೊಸಾದು." ಪ್ಯಾಂಟನ್ನು ತೊಡೆಯ ಮೇಲೆ ಹರವಿಕೊಂಡು, ಹತ್ತು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟದ್ದನ್ನು ಎತ್ತಿಕೊಂಡ: "ಈಗ ಹೇಳು. ಡಬಲ್ ಎಲ್ಲಿ ಹಾಕ್ಲಿ?"

"ಮೊಣಕಾಲಿಗೆ ಹಾಕ ಕಾಕಾ" ಅಂದೆ.

ಎಂಟು ದಿನ ಬಿಟ್ಟು ಬಾ ಅಂದಿದ್ದ. ಆರನೆಯ ದಿನಕ್ಕೆ ಸತ್ತ. ಮಣ್ಣು ಮುಗಿದ ಮೇಲೆ ಅವನ ಸೊಸೆ ಪ್ಯಾಂಟು ತಂದುಕೊಟ್ಟಳು. "ಹೊಲದಿಲ್ಲರಿ ಅಣ್ಣಾರ. ಗುರ್ತ ಹಾಕಿ ಇಟ್ಟಾರ" ಅಂದಳು. ಎರಡೂ ಮೊಣಕಾಲಿನ ಮೇಲೆ ನೀಲಿ ಬಳಪದ ಒಂದೊಂದು ಗುಂಡು ಗುರುತು, ಕಣ್ಣು ಕಾಣದವನು ಹಾಕಿದ್ದು, ಸ್ವಲ್ಪ ಸೊಟ್ಟ. ಟಾಚಣಿ ಚುಚ್ಚಿ ಇಟ್ಟ ಎರಡು ತುಂಡು ಬಟ್ಟೆ ಬಿಳಿಯವು. ಅಪ್ಪ ಹುಬ್ಬಳ್ಳಿಗೆಂದು ಕೊಟ್ಟ ಬಟ್ಟೆ ಅದು. ಅಲ್ಲೇ, ಅವನ ಬಾಗಿಲಲ್ಲೇ, ನಾನು ಅತ್ತೆ.

ಆ ಪ್ಯಾಂಟನ್ನು ಬೇರೆ ಸಿಂಪಿಗನಿಗೆ ಕೊಡಲಿಲ್ಲ. ಮರುದಿನ ಟಾಚಣಿ ಬಿಚ್ಚಿ ಬಿಳಿ ತುಂಡುಗಳನ್ನು ಎತ್ತಿಟ್ಟು, ಹಾಗೇ ಹಾಕಿಕೊಂಡು ಅಂಗಡಿಗೆ ಹೋದೆ. ಹುನಗುಂದದಿಂದ ಮದುವೆಯ ಸೀರೆಗೆ ಬಂದ ಹೆಣ್ಣುಮಗಳೊಬ್ಬಳು ನೋಡಿ, "ಏನ್ರಿ, ಮೊಣಕಾಲಿಗೆ ಏನೋ ಹತ್ತೈತಲ್ಲ" ಅಂದಳು. "ಇರ್ಲಿ ಬಿಡ್ರಿ ಅಕ್ಕಾರ" ಎಂದು ಮೊಣಕಾಲೂರಿ ಮೊದಲನೆಯ ಸೀರೆ ಬಿಚ್ಚಿದೆ. ಸಂಜೆಯ ಹೊತ್ತಿಗೆ ಗುರುತು ಅಳಿಸಿ, ಗಾದಿಯ ಬಿಳಿ ಹೊದಿಕೆಯ ಮೇಲೆ ಎರಡು ನೀಲಿ ಕಲೆ ಉಳಿದಿದ್ದವು.