ನಲ್ಲಿಯ ಪಕ್ಕದ ಪಾತಿ

ಗಂಗಾಮಣಿಗೆ ಸಕಲೇಶಪುರದವರನ್ನು ಕಂಡರೆ ಆಗುತ್ತಿರಲಿಲ್ಲ. ಇದೇನು ಗುಟ್ಟಿನ ಸಂಗತಿಯಲ್ಲ. ಹಾಲಿನವನಿಂದ ಹಿಡಿದು ಡಾಕ್ಟರರವರೆಗೆ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಅವಳೇ ಅವರಿಗೆಲ್ಲ ಹೇಳಿದ್ದಳು. ಕಾಫಿ ಬಿಟ್ಟರೆ ಇವರಿಗೆ ಇನ್ನೊಂದು ಗಿಡದ ಹೆಸರು ಬಾರದು, ಮಾತಿಗೆ ಕೂತರೆ ಮಾತ್ರ ಲೋಕವನ್ನೇ ಉತ್ತು ಬಿತ್ತಿಬಿಡುತ್ತಾರೆ ಅನ್ನುವುದು ಅವಳ ಸಿದ್ಧಾಂತ. ಅದನ್ನು ಸುಳ್ಳು ಮಾಡುವಂಥ ಮನುಷ್ಯ ಈ ಘಟ್ಟದ ಅಂಚಿನಲ್ಲಿ ಅವಳ ಕಣ್ಣಿಗೆ ಇನ್ನೂ ಬಿದ್ದಿರಲಿಲ್ಲ.

ಅವಳ ತವರು ಆಲೂರು ತಾಲ್ಲೂಕಿನ ಕುಂದೂರು ಕಡೆ. ಆಲೂಗಡ್ಡೆ, ಹುರುಳಿಕಾಯಿ, ಮೆಣಸಿನಕಾಯಿ ಬೆಳೆದು ಬದುಕುವ ಜನ. ಮದುವೆಯಾಗಿ ಬಂದದ್ದು ಹಾನುಬಾಳಿನ ಒಂದು ಕಾಫಿ ಮನೆಗೆ. ಬಂದ ಮೊದಲ ವರ್ಷ ಕಾಫಿ ಸ್ಟೋರಿನ ಹಿಂದೆ ಎರಡು ಸಾಲು ಹುರುಳಿಕಾಯಿ ಬೀಜ ಊರಿದ್ದಳು. ಬಳ್ಳಿ ಹೂ ಬಿಡುವ ಹೊತ್ತಿಗೆ ಅತ್ತೆ ದೇವೀರಮ್ಮ ಅದನ್ನು ಆಳುಗಳ ಕೈಯಿಂದ ಬುಡಸಮೇತ ಕೀಳಿಸಿದಳು. "ತರ್ಕಾರಿ ಬೆಳ್ಕಂಡು ತಿನ್ನೋ ಗತಿ ನಮ್ಗಿನ್ನೂ ಬಂದಿಲ್ಲ ಕಣಮ್ಮ. ಸಂತೇಲಿ ಸಿಕ್ತದೆ" ಅಂದಳು. ಅಂದಿನಿಂದ ಆ ಮನೆಯಲ್ಲಿ ಗಂಗಾಮಣಿಯ ಹೆಸರು 'ಆಲೂಗಡ್ಡೆ ಸೀಮೆಯವಳು' ಎಂದಾಯಿತು. ಅತ್ತೆ ಸತ್ತರೂ ಹೆಸರು ಸಾಯಲಿಲ್ಲ.

ಆ ಮನೆಯಲ್ಲಿ ಗಂಡಸರು ಮೈಬಗ್ಗಿಸಿ ಮಾಡುತ್ತಿದ್ದ ಬೇಸಾಯ ಒಂದೇ, ಬೇಲಿಯದು. ಮುಂಗಾರು ಹಿಡಿಯುತ್ತಿದ್ದಂತೆ ಹಾಲುವಾಣದ ಕೊಂಬೆ ಕಡಿದು ಗೂಟ ಮಾಡಿ, ತೋಟದ ಅಂಚಿನ ಸರ್ಕಾರಿ ಜಾಗದೊಳಕ್ಕೆ ಒಂದು ಮೊಳ ಆಚೆ ನೆಡುತ್ತಿದ್ದರು. ಮಳೆ ನಿಲ್ಲುವಷ್ಟರಲ್ಲಿ ಗೂಟ ಬೇರು ಬಿಟ್ಟು ಚಿಗುರಿರುತ್ತಿತ್ತು. ಚಿಗುರಿದ ಗೂಟ ಕೀಳಬಾರದು ಅನ್ನುವುದು ಅಲ್ಲಿಯವರ ಕಟ್ಟಳೆ; ಜೀವ ಹಿಡಿದದ್ದನ್ನು ಕಿತ್ತರೆ ಮನೆಗೆ ಆಗಿಬರುವುದಿಲ್ಲವಂತೆ. ಪಕ್ಕದ ತೋಟದವನೂ ತಕರಾರು ಎತ್ತುತ್ತಿರಲಿಲ್ಲ, ಅವನ ಗೂಟ ಇನ್ನೊಂದು ದಿಕ್ಕಿಗೆ ಚಿಗುರುತ್ತಿತ್ತಲ್ಲ. ಕಳ್ಳತನಕ್ಕೆ ಇಷ್ಟೊಂದು ಭಕ್ತಿ ಬೆರೆಸಿದ ಜನರನ್ನು ಗಂಗಾಮಣಿ ಬೇರೆಲ್ಲೂ ಕಂಡಿರಲಿಲ್ಲ.

ಗಂಡ ರುದ್ರಯ್ಯ ಕಿರಿಮಗ. ಪಾಲು ಸಿಕ್ಕಿದ ಕೂಡಲೇ ತೋಟವನ್ನು ಅಣ್ಣನಿಗೇ ಗುತ್ತಿಗೆ ಕೊಟ್ಟು, ಸಕಲೇಶಪುರದ ಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ ಬಾಡಿಗೆ ಮನೆ ಹಿಡಿದ. ಅವನ ಮಟ್ಟಿಗೆ ಬದುಕೆಂದರೆ ಪೇಪರು, ಇಸ್ಪೀಟು ಮತ್ತು ಮಧ್ಯಾಹ್ನದ ನಿದ್ದೆ. ಆ ಮನೆಯಲ್ಲಿ ಎಲ್ಲಿ ಕಾಲಿಟ್ಟರೂ ಸಿಮೆಂಟು. ಮಣ್ಣು ಅಂತ ಇದ್ದದ್ದು ಬಾಲ್ಕನಿಯ ನಾಲ್ಕು ಕುಂಡದಲ್ಲಿ, ಅದರಲ್ಲೂ ಕೆಳಗಿನ ಮನೆಯ ಬೆಕ್ಕು ಮಲಗುತ್ತಿತ್ತು. ಗಂಗಾಮಣಿಗೆ ಐವತ್ತೆಂಟು ದಾಟಿತ್ತು. ಕಿತ್ತುಹೋದ ಆ ಎರಡು ಸಾಲು ಬಿಟ್ಟರೆ, ಮದುವೆಯಾದ ಮೇಲೆ ತನ್ನದು ಅನ್ನುವ ಒಂದು ಹಿಡಿ ಮಣ್ಣಿನಲ್ಲಿ ಅವಳು ಕೈ ಆಡಿಸಿರಲಿಲ್ಲ. ಈ ಒಂದು ಸಂಕಟವನ್ನು ಮಾತ್ರ ಅವಳು ಯಾರಿಗೂ ಹೇಳಿಕೊಂಡವಳಲ್ಲ.

ಅಷ್ಟರಲ್ಲಿ ಊರಿನ ದೊಡ್ಡ ಮನುಷ್ಯರಿಗೆ ಒಂದು ಗೀಳು ಹತ್ತಿತು. ಕೆಡವಿ ಹಾಕಿದ ಹಳೇ ಸರ್ಕಾರಿ ಕ್ವಾರ್ಟರ್ಸಿನ ಹಿಂದೆ ಅರ್ಧ ಎಕರೆ ಜಾಗ ಲಂಟಾನ, ಒಡೆದ ಬಾಟಲಿ ತುಂಬಿಕೊಂಡು ಪಾಳು ಬಿದ್ದಿತ್ತು. ಅಲ್ಲಿ ಪೇಟೆಯವರೆಲ್ಲ ಸೇರಿ ತರಕಾರಿ ಬೆಳೆಯುವುದು ಅಂತಾಯಿತು. ಅದಕ್ಕೊಂದು ಸಮಿತಿ. ಅಧ್ಯಕ್ಷರು ನಟರಾಜ್: ವನಗೂರಿನಲ್ಲಿ ಎಸ್ಟೇಟ್, ಪೇಟೆಯಲ್ಲಿ ಮನೆ, ಊರಿನ ಯಾವ ಸಮಿತಿಯಾದರೂ ಕುರ್ಚಿ ಹಾಕುವ ಮೊದಲೇ ಅದರ ಮೇಲೆ ಕೂತಿರುವ ಮನುಷ್ಯ. ಗಂಗಾಮಣಿಯನ್ನು ಸಭೆಗೆ ಎಳೆದುಕೊಂಡು ಹೋದದ್ದು ಎಲೈನ್. ಮಂಗಳೂರು ಮೂಲದವರು, ನರ್ಸ್ ಆಗಿ ನಿವೃತ್ತರಾಗಿ ಪಕ್ಕದ ಬೀದಿಯಲ್ಲಿ ಒಬ್ಬರೇ ಇದ್ದರು. ಗಂಗಾಮಣಿಯ ಬೈಗುಳ ಕೇಳಿ ನಗುವ ತಾಕತ್ತು ಇಡೀ ಊರಿನಲ್ಲಿ ಅವರೊಬ್ಬರಿಗೇ ಇದ್ದದ್ದು.

ಲಾಡ್ಜಿನ ಹಾಲ್‌ನಲ್ಲಿ ಬೋಂಡ, ಕಾಫಿ ಇಟ್ಟುಕೊಂಡು ಸಭೆಯ ಮೇಲೆ ಸಭೆ ನಡೆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವಂತೆ ಒಂದು ಇಡೀ ಸಭೆ ಬೋರ್ಡಿನ ಬಣ್ಣಕ್ಕೇ ಹೋಯಿತು. ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಮ್ಯಾನೇಜರ್ ಆಗಿದ್ದ ಪ್ಯಾಟ್ರಿಕ್ ಎದ್ದು ನಿಂತು, ಕಾಫಿಗೆ ಹಾಕುವಂತೆ ತರಕಾರಿಗೆ ನೆರಳಿನ ಮರ ಎಷ್ಟು ಅಡಿಗೊಂದು ಹಾಕಬೇಕು ಎಂದು ಗಂಭೀರವಾಗಿ ಕೇಳಿದರು. ಗಂಗಾಮಣಿ ಗೊಳ್ಳೆಂದು ನಕ್ಕಳು. ಕೊನೆಗೆ ಗೋಡೆಯ ಮೇಲೆ ನಕ್ಷೆ ಬಂತು. ನಡುವೆ ಎತ್ತಿನ ಗಾಡಿ ಹೋಗುವಷ್ಟು ಅಗಲದ ದಾರಿ, ಎರಡೂ ಕಡೆ ಸಮನಾದ ತುಂಡುಗಳು, ದಾರಿಯ ತುದಿಯಲ್ಲಿ ಎಲ್ಲರಿಗೂ ಒಂದೇ ನಲ್ಲಿ.

"ಇದು ನಮ್ಮೆಲ್ಲರ ಜಾಗ ಕಣ್ರೀ. ಇಲ್ಲಿ ನಂದು ನಿಂದು ಅನ್ನೋ ಮಾತೇ ಇಲ್ಲ" ಅಂದರು ನಟರಾಜ್. ಚಪ್ಪಾಳೆ ಬಿತ್ತು.

ಚೀಟಿ ಎತ್ತಿದಾಗ ಗಂಗಾಮಣಿಗೆ ಬಂದದ್ದು ಬಲಸಾಲಿನ ಕೊನೆಯ ತುಂಡು, ನಲ್ಲಿಯ ಪಕ್ಕದ್ದು. ಅವಳ ಎದುರಿನದು ನಟರಾಜ್ ಅವರದು, ಪಕ್ಕದ್ದು ಎಲೈನ್ ಅವರದು. ಗಂಗಾಮಣಿ ಮುಖ ಗಂಟು ಹಾಕಿಕೊಂಡೇ ಮನೆಗೆ ಬಂದಳು. ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಸಂತೋಷಕ್ಕೆ ಅಳುವುದು ಅವಳಿಗೇ ಹೊಸದು, ಹಾಗಾಗಿ ತನ್ನ ಮೇಲೂ ಒಂದಿಷ್ಟು ಸಿಟ್ಟಾದಳು.

ಜೂನ್ ಬಂತು, ಮಳೆ ಹಿಡಿಯಿತು. ಸಮಿತಿಯವರು ಮಾಡಿದ ಮೊದಲ ಕೆಲಸ ಏನಿರಬಹುದು? ಒಬ್ಬರೂ ಒಂದು ಕಾಳು ಬೀಜ ಹಾಕಲಿಲ್ಲ. ಒಬ್ಬೊಬ್ಬರ ಎಸ್ಟೇಟಿನಿಂದಲೂ ಜೀಪಿನಲ್ಲಿ ಹಾಲುವಾಣದ ಗೂಟ ಬಂದು ಇಳಿದವು. ತಲೆತಲಾಂತರದ ಅಭ್ಯಾಸ, ಕೈ ಸುಮ್ಮನಿದ್ದೀತೆ! ಮಳೆಗಾಲ ಮುಗಿಯುವವರೆಗೆ ಬೇಲಿಯದೇ ಕಾರುಬಾರು. ಈ ಕಡೆಯವನು ಒಂದು ಗೇಣು ಮುಂದೆ ಬಂದರೆ ಆ ಕಡೆಯವನು ಎರಡು ಗೇಣು. ಪ್ಯಾಟ್ರಿಕ್ ತಮ್ಮದಕ್ಕೆ ಬೀಗ ಹಾಕುವ ಗೇಟನ್ನೂ ಇಟ್ಟರು, ಒಳಗೆ ಇದ್ದದ್ದು ಬರೀ ಹುಲ್ಲು. ಎಲೈನ್ ಮತ್ತು ಗಂಗಾಮಣಿ ಇಬ್ಬರೇ ಬೇಲಿ ಹಾಕದವರು. ಎಲೈನ್‌ಗೆ ಅದು ಹೊಳೆಯಲಿಲ್ಲ. ಗಂಗಾಮಣಿಗೆ ಅದು ಹೇಸಿಗೆ.

"ನೀವೂ ನಾಕು ಗೂಟ ಊರ್ಬುಡಿ ಅಕ್ಕ" ಅಂದರು ನಟರಾಜ್.

"ಬೇಲಿ ಹಾಕೋದು ದನಕ್ಕೆ. ಇಲ್ಲಿ ಮೇಯಕ್ಕೆ ಬಂದಿರೋದು ದನ ಅಲ್ವಲ್ಲ" ಅಂದಳು ಗಂಗಾಮಣಿ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನಟರಾಜ್ ಹಲ್ಲು ಬಿಟ್ಟು ನಕ್ಕು ಹೋದರು.

ದೀಪಾವಳಿಯ ಹೊತ್ತಿಗೆ ಮಳೆ ಹೊಳವಾಯಿತು. ನೋಡಿದರೆ ಗಾಡಿ ಹೋಗುವ ದಾರಿಯಲ್ಲಿ ಈಗ ಮನುಷ್ಯ ಅಡ್ಡಡ್ಡ ನಡೆಯಬೇಕು. ತುದಿಯಲ್ಲಂತೂ ನಟರಾಜ್ ಅವರ ಬೇಲಿ ದಾರಿಯನ್ನು ಪೂರಾ ನುಂಗಿ, ಗಂಗಾಮಣಿಯ ತುಂಡಿನೊಳಕ್ಕೂ ಎರಡು ಮೊಳ ಬಂದು ನಿಂತಿತ್ತು. ಕಾಯಬೇಕಾದ ಅಧ್ಯಕ್ಷನೇ ಹೀಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಅವಳು ಅವರಿಗೇ ದೂರಿದಳು.

"ಅಯ್ಯೋ ಅಕ್ಕ, ಮೊದ್ಲೇ ಹೇಳಬಾರ್ದಿತ್ತಾ? ಈಗ ಚಿಗುರ್ಬುಟ್ಟೈತಲ್ಲ. ಜೀವ ಇರೋದನ್ನ ಹೆಂಗೆ ಕೀಳೋದು ಮಾರಾಯ್ತಿ" ಅಂದರು ನಟರಾಜ್, ಗೂಟದ ಎಳೆ ಎಲೆಯನ್ನು ಸವರುತ್ತ.

ಉಳಿದದ್ದರಲ್ಲೇ ಗಂಗಾಮಣಿ ಪಾತಿ ಮಾಡಿದಳು. ತವರಿಂದ ತರಿಸಿದ ಹುರುಳಿಕಾಯಿ ಬೀಜ ಊರಿದಳು, ಒಂದಿಷ್ಟನ್ನು ಎಲೈನ್‌ಗೂ ಕೊಟ್ಟಳು. ಮೊಳಕೆ ಮಣ್ಣು ಸೀಳಿ ತಲೆಯೆತ್ತಿದ ಬೆಳಿಗ್ಗೆ ಅವಳು ಯಾರನ್ನೂ ಬೈಯಲಿಲ್ಲ. ರುದ್ರಯ್ಯ ಹೆಂಡತಿಗೆ ಜ್ವರವೇ ಎಂದು ಹಣೆ ಮುಟ್ಟಿ ನೋಡಿದ.

ಬೇಲಿಯ ಕೆಲಸ ಮುಗಿದು ಉಳಿದವರೂ ಒಂದಿಷ್ಟು ಬೀಜ ಹಾಕಿದ್ದರು; ಮಳೆಯ ಹಸಿ ಆರಿದ ಮೇಲೆ ಎಲ್ಲರಿಗೂ ನೀರು ಬೇಕಾಯಿತು. ನಲ್ಲಿಗೆ ದಾರಿ ಇಲ್ಲ. ನಲ್ಲಿಯ ಪಕ್ಕದಲ್ಲಿ ಬೇಲಿ ಇಲ್ಲದ ಜಾಗ ಅಂದರೆ ಗಂಗಾಮಣಿಯದೊಂದೇ. ಒಬ್ಬರು ಹೋದರು, ಇನ್ನೊಬ್ಬರು ಹೋದರು, ಆಮೇಲೆ ಇಡೀ ಊರು ಕೊಡ ಹಿಡಿದು ಅವಳ ಪಾತಿಯ ಮೇಲೆ ಹಾದುಹೋಯಿತು. ಹೂ ಬಿಡುತ್ತಿದ್ದ ಬಳ್ಳಿ ಕಾಲ್ತುಳಿತಕ್ಕೆ ನುಜ್ಜುಗುಜ್ಜಾಯಿತು. ಅವಳು ಕೂಗಿದಳು, ಅಡ್ಡ ನಿಂತಳು, ಒಬ್ಬನ ಕೊಡವನ್ನೇ ಕಿತ್ತು ಎಸೆದಳು. "ಒಂದ್ ಕೊಡ ನೀರು ಅಷ್ಟೇ ಅಲ್ವಾ ಅಕ್ಕ" ಅನ್ನುತ್ತ ಮಿಕ್ಕವರು ಸುತ್ತಿ ಹೋದರು. ನಟರಾಜ್ ತಮ್ಮ ಬೇಲಿಯ ಸಂದಿಯಿಂದಲೇ ನಲ್ಲಿಗೆ ಪೈಪು ಹಾಕಿಕೊಂಡಿದ್ದರು. ಅವರನ್ನು ದಾರಿ ಬಿಡಿ ಎಂದು ಕೇಳಿದ ಗಂಡುಮಗ ಒಬ್ಬನೂ ಇರಲಿಲ್ಲ.

ಇದರ ಮೇಲೆ ಸಮಿತಿ ಇನ್ನೊಂದು ಸಭೆ ಸೇರಿತು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ, ಇಲ್ಲಂತೂ ಎಲ್ಲರೂ ಹಾವುಗಳೇ. ಗಣರಾಜ್ಯೋತ್ಸವದ ದಿನ ತೋಟದ ಎದುರು ಶಾಮಿಯಾನ ಹಾಕಿ, ಸಾರ್ವಜನಿಕರ ದಾರಿಗಾಗಿ ಸ್ವಂತ ಜಾಗ ಬಿಟ್ಟುಕೊಟ್ಟ ಮಹಾತಾಯಿ ಎಂದು ಗಂಗಾಮಣಿಗೆ ಶಾಲು ಹೊದಿಸಿದರು. ಹಣ್ಣಿನ ಬುಟ್ಟಿಯನ್ನು ಕೈಗೆ ತುರುಕಿದರು. ಮೈಕಿನಲ್ಲಿ ನಟರಾಜ್ ತ್ಯಾಗದ ಬಗ್ಗೆ ಮಾತಾಡುತ್ತಿದ್ದರು. ಅದು ಮುಗಿಯುವ ಮೊದಲೇ ಗಂಗಾಮಣಿ ಶಾಲು, ಬುಟ್ಟಿ ಎರಡನ್ನೂ ಕುರ್ಚಿಯ ಮೇಲೆ ಒಗೆದು ಎದ್ದು ನಡೆದಳು.

ಮನೆಗೆ ಬಂದವಳೇ ಗಂಡನಿಗೆ ಅಂದಳು: "ನಾಳೆ ಹಾನುಬಾಳಿಗೆ ಹೋಗಿ ಗೂಟ ಕಡ್ಕಂಡು ಬಾ."

ರುದ್ರಯ್ಯ ಮಲಗಿದ್ದಲ್ಲಿಂದ ಎದ್ದ ಹುಲಿಯಂತಾದ. ಮಧ್ಯಾಹ್ನದ ನಿದ್ದೆ ಬಿಟ್ಟು ಅವನು ದುಡಿದದ್ದನ್ನು ಅವಳು ಕಂಡದ್ದು ಆಗಲೇ. ಎರಡು ದಿನದಲ್ಲಿ ಅವಳ ತುಂಡಿನ ಸುತ್ತ ಬೇಲಿ ಎದ್ದಿತು, ಮೇಲೆ ಮುಳ್ಳು. ನಲ್ಲಿಗೆ ದಾರಿ ಮುಚ್ಚಿತು. ಕೂಗಾಟವಾಯಿತು. ಎಲ್ಲರೂ ಒತ್ತುವರಿ ಮಾಡಿದವರೇ ಆಗಿದ್ದರೂ ಒತ್ತುವರಿ ಅನ್ನುವ ಶಬ್ದ ಆ ತೋಟದಲ್ಲಿ ಮೊದಲ ಸಲ ಬಳಕೆಗೆ ಬಂದದ್ದು ಅವಳ ಮೇಲೆ. "ನೀವ್ ತಿಂದಿದ್ದು ಕಕ್ಕಿ, ನಾನ್ ದಾರಿ ಬಿಡ್ತೀನಿ" ಅಂದಳು ಗಂಗಾಮಣಿ. ಒಬ್ಬರೂ ಒಂದು ಗೂಟ ಹಿಂದಕ್ಕಿಡಲಿಲ್ಲ. ಒಂದು ಮೊಳ ನೆಲ ಬಿಡುವುದಕ್ಕಿಂತ ಬೆಳೆ ಒಣಗಿಸಿಕೊಳ್ಳುವುದೇ ಅವರಿಗೆ ಮರ್ಯಾದೆಯಾಗಿ ಕಂಡಿತು. ಫೆಬ್ರವರಿಯಲ್ಲಿ, ಪೈಪಿದ್ದ ನಟರಾಜ್ ಅವರದನ್ನು ಬಿಟ್ಟು, ಒಂದೊಂದೇ ತುಂಡು ಬೂದಿಬಣ್ಣಕ್ಕೆ ತಿರುಗಿತು, ಜನ ಬರುವುದು ನಿಂತಿತು. ಗಂಗಾಮಣಿ ಮತ್ತೆ ಬೀಜ ಊರಿ, ತನ್ನ ಹಸಿರು ಪಾತಿಯ ನಡುವೆ ಕೂತು ಹೊಟ್ಟೆ ತಣ್ಣಗಾಗುವಷ್ಟು ಅದನ್ನೆಲ್ಲ ನೋಡಿದಳು.

ಎಲೈನ್‌ಗೆ ಮಾತ್ರ ಅವಳ ಬೇಲಿಯಲ್ಲಿ ಒಂದು ಕಂಡಿ ಇತ್ತು. ಅಷ್ಟರಲ್ಲಿ ಎಲೈನ್ ಅವರ ತಂಗಿಗೆ ಹುಷಾರು ತಪ್ಪಿ ಅವರು ಮಂಗಳೂರಿಗೆ ಹೊರಟರು. "ನನ್ನ ಗಿಡಗಳಿಗೂ ಸ್ವಲ್ಪ ನೀರು ಹಾಕ್ತೀರಾ?" ಎಂದು ಕೇಳಿದರು. ಗಂಗಾಮಣಿ ಹಾಕಿದಳು, ದಿನವೂ ಹಾಕಿದಳು. ಒಂದು ವಾರ ಕಳೆದ ಮೇಲೆ, ಹಬ್ಬಿದ ಬಳ್ಳಿಗೆ ಜಾಗ ಸಾಲದೆ ಚಪ್ಪರದ ಎರಡು ಕಡ್ಡಿಯನ್ನು ಎಲೈನ್ ಅವರ ಕಡೆಗೆ ಊರಿದಳು. ಆ ಅಂಚು ಹೇಗೂ ಖಾಲಿ ಇದೆಯಲ್ಲ. ನಟರಾಜ್ ತಿಂದ ಎರಡು ಮೊಳ ಅವಳ ಎದೆಯಲ್ಲಿ ಮುಳ್ಳಿನಂತೆ ಆಡುತ್ತಲೇ ಇತ್ತು. ಅದನ್ನು ಅವರಿಂದ ಕಿತ್ತುಕೊಳ್ಳುವುದು ಆಗದ ಮಾತು. ಈ ಕಡೆ ಕೇಳುವವರು ಯಾರೂ ಇರಲಿಲ್ಲ. ಒಂದು ಬೆಳಿಗ್ಗೆ ಎಲೈನ್ ಅವರ ಕಡೆಯ ಗೂಟ ಕಿತ್ತು ಎರಡು ಮೊಳ ಆಚೆ ನೆಟ್ಟಳು. ನೆಡುವಾಗ ಕೈ ಜೋರಾಗಿ ಬಂತು, ಮೂರು ಮೊಳವಾಯಿತು. ಬೇಸಿಗೆಯಲ್ಲಿ ಹಾಲುವಾಣ ತಾನಾಗಿ ಚಿಗುರುವುದಿಲ್ಲ. ಅವಳು ದಿನವೂ ಬುಡಕ್ಕೆ ನೀರು ಹೊಯ್ದು ಚಿಗುರಿಸಿದಳು.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಹಬ್ಬಕ್ಕೆ ಎಲೈನ್ ವಾಪಸು ಬಂದರು. ಸೊರಗಿದ್ದರು, ಕೋಲು ಹಿಡಿದಿದ್ದರು. ಇಕ್ಕಟ್ಟಿನ ದಾರಿಯಲ್ಲಿ ಮೆಲ್ಲಗೆ ನಡೆದು ಬಂದು, ತಮ್ಮ ತುಂಡಿನೊಳಗೆ ನಿಂತಿದ್ದ ಎಳೆ ಎಲೆಯ ಗೂಟಗಳ ಸಾಲನ್ನು ನೋಡಿದರು. ಗಂಗಾಮಣಿ ಜಗಳಕ್ಕೆ ಸಿದ್ಧಳಾಗಿಯೇ ಇದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ನೀರು ಹಾಕಿದ್ದು ನಾನು" ಅಂದಳು, ಅವರಿನ್ನೂ ಬಾಯಿ ತೆರೆಯುವ ಮೊದಲೇ.

"ಹೌದು, ಹಾಕಿದ್ರಿ" ಅಂದರು ಎಲೈನ್. "ಬೀನ್ಸ್ ಚೆನ್ನಾಗಿ ಬಂದಿದೆ. ಮೊಣಕಾಲು ನೋವು, ಇನ್ನು ನನ್ನಿಂದ ಆಗೋದಿಲ್ಲ. ಪೂರಾ ತುಂಡು ನೀವೇ ಇಟ್ಟುಕೊಳ್ಳಿ ಅಂತ ಹೇಳೋದಕ್ಕೇ ಬಂದೆ, ಗಂಗಾಮಣಿ."

ಅಷ್ಟು ಹೇಳಿ ಅವರು ಕೋಲೂರಿಕೊಂಡು ಹೊರಟರು. ಗಂಗಾಮಣಿಯ ಮುಖಕ್ಕೆ ಯಾರೋ ಉಗಿದಂತೆ ಆಗಿತ್ತು.

ಅಷ್ಟರಲ್ಲಿ ಎದುರಿನ ಬೇಲಿಯ ಮೇಲೆ ನಟರಾಜ್ ಅವರ ಮುಖ ಕಾಣಿಸಿತು. ಅವರು ಅವಳ ಹೊಸ ಗೂಟಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು, ಒಳ್ಳೆಯ ಕೆಲಸ ಬಲ್ಲವನು ಒಳ್ಳೆಯ ಕೆಲಸವನ್ನು ನೋಡುವಂತೆ.

"ಚೆನ್ನಾಗಿ ಹಿಡ್ದೈತೆ ಅಕ್ಕ" ಅಂದರು.

ಗಂಗಾಮಣಿ ಬಾಯಿ ತೆರೆದಳು. ಅವರಿಗೆ ಅನ್ನಲು ಹೊರಟ ಮಾತೆಲ್ಲ ಮೊದಲು ತನಗೇ ತಗಲುತ್ತಿತ್ತು. ಅವಳು ಬಾಯಿ ಮುಚ್ಚಿಕೊಂಡು, ಹುರುಳಿಕಾಯಿ ಕೊಯ್ಯತೊಡಗಿದಳು.