ಬಾಬಣ್ಣನ ಕೂಲಂಟಿಗೆ ನೀರು ಬೆರೆಸಿದವಳು

ಬಾಬಣ್ಣಾ, ಆ ನೀರು ಹಾಕಿದವಳು ನಾನು.

ನೀವಲ್ಲ — ನಾನು. ನಮ್ಮ ಡೀಸೆಲ್ ಗಾಡಿಯ, ಇಂಜಿನ್ ತಣ್ಣಗಿಡುವ ಕೂಲಂಟ್ ಡಬ್ಬಿಗೆ, ಒಂದಲ್ಲ, ನಾಲ್ಕೈದು ಸಲ, ನನ್ನ ಕುಡಿಯುವ ನೀರಿನ ಬಾಟಲಿಯಿಂದ, ಕೈಯಾರೆ ಸುರಿದೆ. ಎರಡು ವರ್ಷದ ಹಿಂದೆ ನಮ್ಮ ಮನೆಯವರು ಇದೇ ಬಿಬವೇವಾಡಿ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ, ‘ಬಾಬಣ್ಣ ಕೂಲಂಟ್ ಅಂತ ಹೇಳಿ ನೀರು ತುಂಬತಾನ, ಅವನ ಗ್ಯಾರೇಜಿಗೆ ಯಾರೂ ಹೋಗಬ್ಯಾಡ್ರಿ’ ಎಂದು ಬರೆದಿದ್ದರಲ್ಲ — ಅದಕ್ಕೇ ಇದನ್ನೂ ಇಲ್ಲೇ ಬರೆಯುತ್ತಿದ್ದೇನೆ. ಎಲ್ಲರೂ ಓದಲಿ. ಇವರೂ ಓದಲಿ. ಈ ಹೊತ್ತಿಗೆ ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಊಟದ ಡಬ್ಬಿ ಬಿಚ್ಚಿರುತ್ತಾರೆ. ರೀ, ಮೊದಲು ಊಟ ಮುಗಿಸ್ರಿ, ಆಮ್ಯಾಲೆ ಓದ್ರಿ. ಎಣ್ಣಿಗಾಯಿ ಗಂಟಲಿಗೆ ಸಿಕ್ಕೀತು.

ನನಗೆ ಐವತ್ತು ದಾಟಿದ ವರ್ಷ ಗಾಡಿ ಕಲಿಯುವ ಹುಚ್ಚು ಹಿಡಿಯಿತು. ಇವರನ್ನು ಕೇಳಿದೆ. ‘ನಿನ್ನ ಕೈಯಾಗ ಸ್ಟೇರಿಂಗ್ ಕೊಟ್ರ ಗಾಡಿ ಸೀದಾ ಕಾತ್ರಜ ಕೆರಿಯೊಳಗ’ ಎಂದು ನಕ್ಕರು. ನಾನೂ ನಕ್ಕೆ. ಆದರೆ ನಾನು ಧಾರವಾಡದವಳು, ಅಂಥ ನಗು ಮರೆಯುವವಳಲ್ಲ. ಭಜನೆಗೆ ಹೊರಟೆ ಎಂದು ಹೇಳಿ ಡ್ರೈವಿಂಗ್ ಕ್ಲಾಸಿಗೆ ಹೋದೆ. ಲೈಸೆನ್ಸ್ ಬಂತು. ಅದನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟೆ — ಮದುವೆಯಾದಾಗಿನಿಂದ ಇವರು ಆ ಡಬ್ಬಿ ಮುಟ್ಟಿದವರಲ್ಲ. ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾಂಜಣಗಾಂವದ ಗಣಪತಿಗೆ ನಾನೇ ಗಾಡಿ ಹೊಡೆಯಬೇಕು, ಇವರು ಬಾಯಿ ಬಿಟ್ಟುಕೊಂಡು ನೋಡಬೇಕು — ಇಷ್ಟೇ ನನ್ನ ಆಸೆ.

ಇವರು ಫ್ಯಾಕ್ಟರಿ ಬಸ್ಸಿಗೆ ಹೋದ ಮೇಲೆ ಗಾಡಿ ದಿನವಿಡೀ ಕೆಳಗೆ ನಿಂತಿರುತ್ತಿತ್ತು. ವಾಚ್‌ಮನ್ ಬಾಯಿ ಮುಚ್ಚಿಸಲು ಎರಡು ಥಾಲಿಪೀಠ, ನನ್ನ ಕೈಗೆ ಕೀಲಿ. ಮೇಲಿನ ಏರು ರಸ್ತೆಯಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದೆ. ಗಾಡಿ ಹಿಂದಕ್ಕೆ ಉರುಳೀತೆಂಬ ಹೆದರಿಕೆಗೆ ಹ್ಯಾಂಡ್‌ಬ್ರೇಕ್ ಅರ್ಧ ಎತ್ತಿಯೇ ಇರುತ್ತಿತ್ತು, ಕಾಲು ಕ್ಲಚ್ ಬಿಡುತ್ತಿರಲಿಲ್ಲ, ಗೇರು ಒಂದನೆಯದು. ಎರಡನೆಯದು ಹಾಕಿದ ದಿನ ಮನೆಗೆ ಬಂದು ಶಿರಾ ಮಾಡಿದ್ದೆ! ಗಾಡಿ ಪಾಪ, ಒಂದು ಕಡೆಯಿಂದ ಓಡು, ಇನ್ನೊಂದು ಕಡೆಯಿಂದ ನಿಲ್ಲು ಎಂದರೆ ಏನು ಮಾಡೀತು? ಬಿಸಿಯ ಸೂಜಿ ಮೇಲೇರುತ್ತಿತ್ತು, ಬಾನೆಟ್ಟಿನೊಳಗಿನ ಡಬ್ಬಿಯಿಂದ ಹಸಿರು ನೀರು ಉಕ್ಕಿ ಚೆಲ್ಲುತ್ತಿತ್ತು. ನಾನು ನೆರಳಿಗೆ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ಬಾಟಲಿಯ ನೀರು ತುಂಬುತ್ತಿದ್ದೆ. ಬಾಯಾರಿದವರಿಗೆ ನೀರು ಕೊಟ್ಟ ಪುಣ್ಯ ಎಂದುಕೊಳ್ಳುತ್ತಿದ್ದೆ — ನಿಜವಾಗಿಯೂ.

ಇತ್ತ ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಹನ್ನೆರಡಕ್ಕೆ ಇಳಿಯಿತು. ಇವರ ನಿದ್ದೆ ಹಾರಿತು. ಪಂಪಿನವನನ್ನು ಬೈದು ಬೇರೆ ಪಂಪ್ ಹಿಡಿದರು. ಏರ್ ಫಿಲ್ಟರ್ ಬದಲಿಸಿದರು. ಟೈರಿನ ಗಾಳಿ ದಿನಕ್ಕೆ ಎರಡು ಸಲ ನೋಡಿದರು. ಭಾರ ಹೆಚ್ಚಾಗಿದೆಯೆಂದು ಡಿಕ್ಕಿಯಲ್ಲಿದ್ದ ನನ್ನ ಜೋಳದ ಚೀಲ ಇಳಿಸಿದರು. ಆಮೇಲೆ ನನ್ನನ್ನೂ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಒಳಗೊಳಗೇ ನಗುತ್ತಿದ್ದೆ ಬಾಬಣ್ಣಾ. ವಾರ್ಷಿಕೋತ್ಸವದ ದಿನ ಬರಲಿ, ಎಲ್ಲ ಹೇಳಿ ನಗಿಸಿದರಾಯಿತು ಎಂದುಕೊಂಡಿದ್ದೆ.

ಅದಕ್ಕೂ ಮೊದಲೇ ಧಾರವಾಡಕ್ಕೆ ಹೊರಟೆವು. ಖಂಬಾಟ್ಕಿ ಘಾಟಿನ ಅರ್ಧದಲ್ಲಿ ಸೂಜಿ ಕೆಂಪಿಗೆ ಮುಟ್ಟಿ ಬಾನೆಟ್ಟಿನಿಂದ ಹೊಗೆಯೆದ್ದಿತು. ಗಾಡಿ ಆರಿದ ಮೇಲೆ ಇವರು ಡಬ್ಬಿ ಬಗ್ಗಿ ನೋಡಿದರೆ — ಹಸಿರೆಂಬುದೇ ಇಲ್ಲ, ಬರೀ ನೀರು. ಊರಿನ ದಾರಿ ಅಲ್ಲಿಗೇ ಬಿಟ್ಟು, ನಿಂತು ನಿಂತು ಗಾಡಿಯನ್ನು ಸೀದಾ ನಿಮ್ಮ ಗ್ಯಾರೇಜಿಗೆ ತಂದರು.

ನೀವು ಬೆರಳು ಅದ್ದಿ ನೋಡಿದಿರಿ. ಬಗ್ಗಿ ಕ್ಲಚ್ಚಿನ ವಾಸನೆ ಹಿಡಿದಿರಿ, ಹಿಂದಿನ ಚಕ್ರ ಬಿಚ್ಚಿಸಿ ಬ್ರೇಕ್ ನೋಡಿದಿರಿ. ಆಮೇಲೆ ಮೆತ್ತಗೆ ಹೇಳಿದಿರಿ: ‘ಸಾಹೇಬರ, ನಾ ಹಾಕಿದ್ದು ಹಸಿರು ಕೂಲಂಟ್ ಐತಿ. ಇದರಾಗ ಯಾರೋ ನೀರು ಕೂಡಿಸ್ಯಾರ. ಕ್ಲಚ್ ಪ್ಲೇಟ್ ಸುಟ್ಟೈತಿ, ಬ್ರೇಕ್ ಸವದೈತಿ. ಗಾಡಿಗೇನೂ ರೋಗ ಇಲ್ಲರಿ — ಯಾರೋ ಕಲಿಯೋರು ಹೊಡ್ಯಾಕ್ಹತ್ಯಾರ.’

ಒಂದು ಮಾತೂ ತಪ್ಪಿರಲಿಲ್ಲ. ಗಾಡಿಗೆ ಜ್ವರ ಎಲ್ಲಿಂದ ಬಂತು, ಡೀಸೆಲ್ ಎಲ್ಲಿ ಹೋಯಿತು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿರಿ.

‘ನಾ ಇಪ್ಪತ್ತೈದು ವರ್ಷ ಗಾಡಿ ಹೊಡದೀನಿ. ನಾ ಕಲಿಯೋ ಹುಡುಗೇನು?’ ಇವರ ಮುಖ ಕೆಂಪಾಗಿತ್ತು.

ಆಗ ನೀವು ನನ್ನ ಕಡೆ ತಿರುಗಿದಿರಿ. ‘ಅಕ್ಕಾರ, ನೀವೇನರ ಗಾಡಿ ತಗೀತೀರೇನ್ರಿ?’

ಹೌದು ಎನ್ನಲು ಒಂದು ಕ್ಷಣ ಸಾಕಿತ್ತು. ಇವರ ಸಿಟ್ಟು ನೋಡಿದೆ, ತಮಾಷೆ ನೋಡುತ್ತ ನಿಂತ ಗಿರಾಕಿಗಳನ್ನು ನೋಡಿದೆ — ನಾಲಿಗೆ ತಾನೇ ಹೊರಳಿತು.

‘ಅಯ್ಯ, ನನಗೆಲ್ಲಿ ಬರ್ತದೋ ಯಪ್ಪಾ! ನಾ ರಿಕ್ಷಾದಾಗ ಅಡ್ಡಾಡಾಕಿ.’

ಜನ ನಕ್ಕರು. ಇವರು ‘ಕೇಳಿದ್ಯಲ್ಲ? ಹಂಗಾದ್ರ ನೀರು ಮಾರಿದಾಂವ ನೀನ’ ಎಂದರು. ನೀವು ನನ್ನನ್ನೇ ನೋಡಿ, ‘ನಂದ ತಪ್ಪಿರಬಹುದು ಬಿಡ್ರಿ ಸಾಹೇಬರ’ ಎಂದು ಕೈ ಒರೆಸಿಕೊಂಡಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಬರೆಯ ಕಬ್ಬಿಣ ಕಾಯಿಸಿ ಕೊಟ್ಟವಳು ನಾನು.

ಅಂದಿನಿಂದ ಸ್ಟೇರಿಂಗ್ ಮುಟ್ಟಲಿಲ್ಲ. ಇವರು ಮಗರಪಟ್ಟಾ ಕಡೆಯ ದೊಡ್ಡ ಗ್ಯಾರೇಜಿನಲ್ಲಿ ಹೊಸ ಕ್ಲಚ್ ಪ್ಲೇಟ್, ಹೊಸ ಕೂಲಂಟ್ ಹಾಕಿಸಿದರು. ನಾನು ಬಿಟ್ಟೆನಲ್ಲ — ಗಾಡಿ ಮತ್ತೆ ಹದಿನೆಂಟು ಕೊಟ್ಟಿತು! ಅದೇ ಸಾಕ್ಷಿಯಾಯಿತು. ‘ಗ್ಯಾರೇಜ್ ಬದಲಿಸಿದೆ, ಗಾಡಿ ಸುಧಾರಿಸಿತು’ ಎಂದು ಇವರು ಗುಂಪಿನಲ್ಲಿ ಮತ್ತೊಮ್ಮೆ ಬರೆದರು. ಓದಿದವರೆಲ್ಲ ಹೆಬ್ಬೆರಳು ಎತ್ತಿದರು. ಬಾಬಣ್ಣಾ, ನಾನೂ ಎತ್ತಿದೆ. ಇದನ್ನು ಬರೆಯುವಾಗ ಮೈಯೆಲ್ಲ ನಾಚಿಕೆಯಾಗುತ್ತಿದೆ.

ನೀವು ಗುಂಪು ಬಿಡಲಿಲ್ಲ. ಹಬ್ಬ ಹಬ್ಬಕ್ಕೂ ಕೈಮುಗಿದ ಚಿತ್ರ ಹಾಕಿದಿರಿ. ತಿರುಗಿ ಕೈ ಮುಗಿದವರು ಯಾರೂ ಇಲ್ಲ.

ಕಳೆದ ಮಂಗಳವಾರ ನಾನು ಕೂತ ರಿಕ್ಷಾ, ದೇವರ ಆಟ ನೋಡಿ, ಸರಿಯಾಗಿ ನಿಮ್ಮ ಗ್ಯಾರೇಜಿನ ಮುಂದೆಯೇ ಕೆಟ್ಟು ನಿಂತಿತು. ಸಾಲುಗಟ್ಟಿ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಸ್ಕೂಟರಿತ್ತು. ನೀವು ಕುರ್ಚಿ ಒರೆಸಿ ಹಾಕಿದಿರಿ, ಚಹಾ ತರಿಸಿದಿರಿ. ರಿಕ್ಷಾದವನು ಆಚೆ ಹೋದಾಗ ಹೇಳಿದಿರಿ: ‘ಅಕ್ಕಾರ, ಹ್ಯಾಂಡ್‌ಬ್ರೇಕ್ ಪೂರಾ ಇಳಿಸಿ ಹೊಡೀರಿ. ಗಾಡಿ ಬಿಸಿ ಆಗೂದಿಲ್ಲ.’

ಚಹಾದ ಲೋಟ ಕೆಳಗಿಟ್ಟೆ. ‘ಯಾವಾಗಿಂದ ಗೊತ್ತದ?’

‘ಅವತ್ತ ಗೊತ್ತಾತರಿ. ಆ ಡಬ್ಬಿ ಬಾಜೂಕ ನಿಮ್ಮ ಕೈಯಾಗಿನಂಥಾ ಹಸಿರು ಬಳಿ ಚೂರು ಸಿಕ್ಕಿತ್ತು. ಮುಷ್ಟ್ಯಾಗ ಹಿಡಕೊಂಡ ನಿಂತಿದ್ದೆ.’

‘ಮತ್ತ ಯಾಕ ಹೇಳಲಿಲ್ಲ?’

‘ನಿಮ್ಮ ಮನ್ಯಾಗ ಜಗಳ ಹಚ್ಚಿ ನನಗೇನು ಸಿಗತಿತ್ತರಿ? ಗಾಡಿ ಬಿಟ್ಟಬಿಟ್ರೇನು? ಬಿಡಬ್ಯಾಡ್ರಿ ಅಕ್ಕಾರ. ಬರತದ ನಿಮಗ.’

ನೀವು ಬೈದಿದ್ದರೆ ಮನೆಗೆ ಬಂದು ನಿದ್ದೆ ಮಾಡುತ್ತಿದ್ದೆ. ಬೈಯಲಿಲ್ಲ. ಮೂರು ದಿನ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ.

ಅಂದು ಗ್ಯಾರೇಜಿನಲ್ಲಿ ಹೆದರಿಕೆಯಿತ್ತು, ಹೌದು. ಆಮೇಲಿನ ಎರಡು ವರ್ಷ ಹೆದರಿಕೆ ಇರಲಿಲ್ಲ, ಬರೀ ಸುಮ್ಮನಿದ್ದೆ. ಅದಕ್ಕೆ ನನ್ನ ಹತ್ತಿರ ಹೇಳುವುದೇನೂ ಇಲ್ಲ.

ರವಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಗಾಡಿ ನಿಮ್ಮ ಗ್ಯಾರೇಜಿಗೆ ಬರುತ್ತದೆ. ನಾನೇ ಹೊಡೆದುಕೊಂಡು ಬರುತ್ತೇನೆ. ಲೈಸೆನ್ಸ್ ಹಿಟ್ಟು ಝಾಡಿಸಿ ಪರ್ಸಿನಲ್ಲಿಟ್ಟಿದ್ದೇನೆ. ಗುಂಪಿನವರೆಲ್ಲ ಬರ್ರಿ, ಅಂದು ನಕ್ಕವರು ತಪ್ಪದೆ ಬರ್ರಿ. ಅವರ ಎದುರಿಗೇ ಬಾಬಣ್ಣನ ಕ್ಷಮೆ ಕೇಳಬೇಕು.

ರೀ, ಓದಿ ಮುಗಿಸಿದ್ರೇನು? ಫೋನ್ ಮಾಡಬ್ಯಾಡ್ರಿ. ಬೈಯೂದಿದ್ರ ಸಂಜೀಕ ಬಂದು ಹೊಟ್ಟಿ ತುಂಬ ಬೈರಿ. ಆದ್ರ ರವಿವಾರ ಎಡಗಡೆ ಸೀಟಿನಾಗ ಕೂಡ್ರಿ. ನೀವು ಬರದಿದ್ರ ನಾ ಒಬ್ಬಾಕೀನ ಹೋಗ್ತೀನಿ.

ಬಾಬಣ್ಣಾ, ನಿಮ್ಮ ಗ್ಯಾರೇಜಿಗೆ ಬರುವ ಏರಿನ ಕೊನೆಗೆ ನಿಂತು ನೋಡುತ್ತಿರಿ. ಹ್ಯಾಂಡ್‌ಬ್ರೇಕ್ ಪೂರಾ ಇಳಿಸಿರುತ್ತೇನೆ.