ಅತ್ತಿಯ ಹೆಸರಿನ ಕೆಂಪು ಬರ್ಫ

ಒಂದು ಕಬೂಲಿ ಮೊದಲೇ ಕೊಟ್ಟುಬಿಡುತ್ತೇನೆ. ಸತತ ಆರು ಬೇಸಿಗೆ ನಾನು ಮನೆಯಲ್ಲಿ ವೈನಿಗೆ ಹಣ್ಣಿನ ರಸ ಕೂಡಿಸಿ, ಫ್ರಿಜ್ಜಿನಲ್ಲಿಟ್ಟು ಬರ್ಫ ಮಾಡಿದ್ದೇನೆ. ಆ ಆರು ಬೇಸಿಗೆಯಲ್ಲಿ ಅದರ ಒಂದು ಚಮಚೆಯೂ ನನ್ನ ಬಾಯಿಗೆ ಬಿದ್ದಿಲ್ಲ. ಉಪ್ಪು ನೋಡದೆ ಸಾರು ಇಳಿಸಿದೆ ಎನ್ನುವ ಅಡಿಗೆಯವನನ್ನು ಯಾರು ನಂಬುತ್ತಾರೆ? ನನ್ನನ್ನೂ ಯಾರೂ ನಂಬಿಲ್ಲ. ಇರಲಿ ಬಿಡಿ, ನಂಬಿಸುವುದಕ್ಕೆಂದು ನಾನಿದನ್ನು ಬರೆಯುತ್ತಿಲ್ಲ. ಸೊಲ್ಲಾಪುರದಲ್ಲಿ ಬಿಸಿಲು ಶುರುವಾಯಿತೆಂದರೆ ನನಗೆ ಆ ಕೆಂಪು ಬರ್ಫ ನೆನಪಾಗುತ್ತದೆ, ಅದರ ಹಿಂದೆಯೇ ನೀಲವ್ವತ್ತಿ ನೆನಪಾಗುತ್ತಾಳೆ, ಆಕೆಯ ಹಿಂದೆ ನನ್ನ ಹೆದರಿಕೆ ನೆನಪಾಗುತ್ತದೆ. ಮೂರನೆಯದನ್ನು ಬಿಟ್ಟು ಮೊದಲಿನ ಎರಡನ್ನು ಹೇಳಲು ಬರುವುದಿಲ್ಲ.

ನೀಲವ್ವತ್ತಿ ನನ್ನ ತಂದೆಯ ಅಕ್ಕ. ಅಕ್ಕಲಕೋಟೆಗೆ ಕೊಟ್ಟ ಹೆಣ್ಣು. ಹತ್ತೊಂಬತ್ತಕ್ಕೆ ಗಂಡ ತೀರಿಕೊಂಡ, ಮಕ್ಕಳಿಲ್ಲ. ಅದೇ ಮನೆಯಲ್ಲಿ ಮೈದುನನ ಸಂಸಾರಕ್ಕೆ ರೊಟ್ಟಿ ಬಡಿಯುತ್ತ ಐವತ್ತು ವರ್ಷ ಕಳೆದಳು. ನನ್ನ ಅವ್ವ ಸತ್ತಾಗ ನಾನು ಮೂರು ವರ್ಷದವ. ನಾಲ್ಕನೇ ಇಯತ್ತೆ ಮುಗಿಯುವತನಕ ನನ್ನನ್ನು ಅಲ್ಲಿಯೇ ಇಟ್ಟುಕೊಂಡು ಸಾಕಿದವಳು ಆಕೆ. ಆ ಮನೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮೈದುನನಿಗೆ ಅತ್ತಿಗಿ, ಅವನ ಮಕ್ಕಳಿಗೆ ದೊಡ್ಡವ್ವ, ಓಣಿಯವರಿಗೆ ಮೂಲಿಮನಿ ಮುದುಕಿ. ನನಗೆ ಅದರಲ್ಲಿ ವಿಶೇಷವೇನೂ ಕಾಣಿಸಿರಲಿಲ್ಲ. ಸಣ್ಣಂದಿನಿಂದ ಕಂಡದ್ದು ಕಣ್ಣಿಗೆ ಬೀಳುವುದಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಸೊಲ್ಲಾಪುರದ ನಮ್ಮ ಮನೆಗೆ ಫ್ರಿಜ್ ಬಂತು. ಒಂದೇ ಬಾಗಿಲಿನದು, ಮೇಲೆ ಸಣ್ಣ ಬರ್ಫದ ಗೂಡು. ಅಂದಿನಿಂದ ಅತ್ತಿ ಪ್ರತಿ ಬೇಸಿಗೆಗೆ ಒಂದು ತಿಂಗಳು ನಮ್ಮಲ್ಲಿ ಬರತೊಡಗಿದಳು. ನನ್ನ ಮೇಲಿನ ಮಾಯೆಗೆ ಬರುತ್ತಾಳೆ ಎಂದು ನಾನು ತಿಳಿದಿದ್ದೆ. ಫ್ರಿಜ್ ಮೇಲಿನ ಮಾಯೆ ಅದಕ್ಕಿಂತ ಒಂದು ಗುಂಜಿ ಹೆಚ್ಚೇ ಇತ್ತು ಎಂದು ನನ್ನ ಹೆಂಡತಿ ಸುನಂದಾ ಇವತ್ತಿಗೂ ಹೇಳುತ್ತಾಳೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅತ್ತಿ ಬಾಗಿಲು ತೆರೆದು ಆ ತಂಪಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದಳು. ಆಕೆಯ ಕಾಲದಲ್ಲಿ ಬರ್ಫವೆಂದರೆ ಶ್ರೀಮಂತರ ಮದುವೆಗೆ ಸೊಲ್ಲಾಪುರದಿಂದ ಬರುವ ವಸ್ತು. ಗೋಣಿಚೀಲದಲ್ಲಿ, ಕಟ್ಟಿಗೆಯ ಹೊಟ್ಟಿನಲ್ಲಿ ಹುಗಿದು ಹೊರಟ ದೊಡ್ಡ ಗಡ್ಡೆ ನಡುದಾರಿಯ ವಳಸಂಗ ದಾಟುವುದರೊಳಗೆ ಮುಕ್ಕಾಲಾಗಿ, ಅಕ್ಕಲಕೋಟೆ ಮುಟ್ಟುವುದರೊಳಗೆ ಅರ್ಧವಾಗುತ್ತಿತ್ತು. ಆ ಅರ್ಧ ಗಂಡಿನ ಕಡೆಯವರ ಪಾನಕಕ್ಕೆ ಹೋಗುತ್ತಿತ್ತು. ಅಡಿಗೆಮನೆಯಲ್ಲಿದ್ದವರಿಗೆ ಒದ್ದೆ ಹೊಟ್ಟು.

ಒಂದು ಏಪ್ರಿಲ್‌ನಲ್ಲಿ ನನ್ನ ಕಚೇರಿಯ ಗೆಳೆಯನೊಬ್ಬ, ಬೋರಾಮಣಿಯವ, ದ್ರಾಕ್ಷಿ ತೋಟದವರ ಪೈಕಿ, ನನಗೆ ಒಂದು ಬಾಟಲಿ ಕೆಂಪು ವೈನ್ ತಂದುಕೊಟ್ಟ. ಬೇಡ ಎನ್ನಲು ಸಂಕೋಚ. ಮನೆಗೆ ತರಲು ಅದಕ್ಕಿಂತ ಹೆಚ್ಚಿನ ಸಂಕೋಚ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ನಮ್ಮ ತಂದೆ ಚಹಾ ಕುಡಿಯುವುದನ್ನೂ ದುಶ್ಚಟವೆಂದೇ ಬಗೆದಿದ್ದರು. ಸುನಂದಾ ಮಾತ್ರ ಯಾವುದೋ ಮರಾಠಿ ವಾರಪತ್ರಿಕೆಯಲ್ಲಿ ಓದಿದ್ದಳು: ವೈನು, ಕಲ್ಲಂಗಡಿ ರಸ, ನಿಂಬೆಹಣ್ಣು ಕೂಡಿಸಿ ಬರ್ಫ ಮಾಡಿದರೆ ಬೇಸಿಗೆಗೆ ಬಲು ಚೆಂದವಂತೆ. ಓದುವುದೇನೋ ಇಬ್ಬರೂ ಎರಡೆರಡು ಸಲ ಓದಿದೆವು. ಆಮೇಲೆ ಬಾಟಲಿಗೆ ವರ್ತಮಾನಪತ್ರಿಕೆ ಸುತ್ತಿ ಫ್ರಿಜ್ಜಿನಲ್ಲಿ ಮಾವಿನ ಉಪ್ಪಿನಕಾಯಿಯ ಹಿಂದೆ ಅಡಗಿಸಿಟ್ಟೆವು.

ಫ್ರಿಜ್ಜಿನ ಮುಂದೆಯೇ ದಿನ ಕಳೆಯುವವಳಿಂದ ಫ್ರಿಜ್ಜಿನಲ್ಲೇ ಅಡಗಿಸಿಟ್ಟ ನನ್ನ ಜಾಣತನಕ್ಕೆ ಏನೆನ್ನಬೇಕು? ಎರಡನೇ ದಿನವೇ ಅತ್ತಿ ಅದನ್ನು ಹೊರಗೆ ತೆಗೆದು ಕಟ್ಟೆಯ ಮೇಲೆ ಇಟ್ಟಳು.

"ಇದೇನೋ?"

"ದ್ರಾಕ್ಷಿ ರಸ, ಅತ್ತಿ."

"ರಸಕ್ಕ ಪೇಪರ್ ಯಾಕ ಉಡಿಸೀ?"

ಹೇಳಿಬಿಟ್ಟೆ. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅತ್ತಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಮುಚ್ಚಳದ ಹತ್ತಿರ ಮೂಗು ತಂದು ಮೂಸಿದಳು. ಸುನಂದಾ ತಡೆಯಲಾರದೆ ಆ ಬರ್ಫದ ಸಂಗತಿಯನ್ನೂ ಹೇಳಿದಳು. "ಹಂಗಾದ್ರ ಮಾಡ್ರಿ, ನಾನೂ ಒಂದೀಟು ನೋಡ್ತೀನಿ" ಎಂದಳು ಅತ್ತಿ.

ಇಲ್ಲಿ ನನ್ನ ಹೆದರಿಕೆ ಎದ್ದು ನಿಂತಿತು. ಅಕ್ಕಲಕೋಟೆಯವರಿಗೆ ಗೊತ್ತಾದರೆ? ಮುದುಕಿಗೆ ಸೆರೆ ಕುಡಿಸಿದ ಎಂದು ಓಣಿಯೆಲ್ಲ ಆಡಿಕೊಂಡರೆ? ಬೇಡ ಎನ್ನುವ ಧೈರ್ಯವೂ ಇಲ್ಲ. ಹೀಗಾಗಿ ನಾನು ಜನ್ಮಜಾತ ಕ್ಲಾರ್ಕ್ ಮಾಡುವ ಕೆಲಸ ಮಾಡಿದೆ, ನಿಯಮ ಹೇಳಿದೆ. "ಹಂಗೆಲ್ಲಾ ತೊಗೊಳ್ಳಾಕ ಬರೂದಿಲ್ಲತ್ತಿ. ನಮ್ಮ ಮಹಾರಾಷ್ಟ್ರದಾಗ ಅದಕ್ಕ ಸರಕಾರದ ಪರವಾನಾ ಬೇಕು."

ಇದು ಸುಳ್ಳಲ್ಲ. ನಮ್ಮ ರಾಜ್ಯದಲ್ಲಿ ಕುಡಿಯುವವನು ಆರೋಗ್ಯ ಕಾಪಾಡಿಕೊಳ್ಳುವುದಕ್ಕಾಗಿ ಕುಡಿಯುತ್ತಾನೆಂದು ಒಂದು ಪರವಾನಾ ತೆಗೆಸಬೇಕು. ಊರಲ್ಲಿ ಕುಡಿಯುವವರು ಎಷ್ಟೋ ಇದ್ದರು, ಆ ಕಾಗದ ಕಂಡವರು ನನಗಂತೂ ಯಾರೂ ಸಿಕ್ಕಿರಲಿಲ್ಲ. ತಮಾಷೆಯೆಂದರೆ ಅತ್ತಿ ವೈದ್ಯರು ಕೊಟ್ಟ ದ್ರಾಕ್ಷಾಸವವನ್ನು ಇಪ್ಪತ್ತು ವರ್ಷದಿಂದ ಊಟವಾದ ಮೇಲೆ ಎರಡು ಚಮಚೆ ತಪ್ಪದೆ ತೆಗೆದುಕೊಳ್ಳುತ್ತಿದ್ದಳು. ಅದೂ ದ್ರಾಕ್ಷಿಯೇ, ಅದೂ ಹುಳಿಸಿದ್ದೇ. ಆಯುರ್ವೇದದವರು ಆಸವ ಅರಿಷ್ಟ ಎಂದು ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿದ್ದಾರೆ. ಗಡಿಗೆಯಲ್ಲಿ ಬಾಯಿ ಮುಚ್ಚಿಟ್ಟು ವೈದ್ಯ ಮಾಡಿದರೆ ಔಷಧ, ಪೀಪಾಯಿಯಲ್ಲಿ ತೋಟದವನು ಮಾಡಿದರೆ ದಾರೂ. ಈ ವಾದವನ್ನು ಅತ್ತಿ ಹೂಡಿದ್ದರೆ ನಾನು ಸೋಲುತ್ತಿದ್ದೆ. ಆಕೆ ಹೂಡಲಿಲ್ಲ. ಬೇರೆಯದನ್ನೇ ಕೇಳಿದಳು.

"ಪರವಾನಾ ಯಾರ ಹೆಸರಲೆ ಇರ್ತದ?"

"ಯಾರು ತೊಗೊಳ್ತಾರ ಅವರ ಹೆಸರಲೆ."

"ಫೋಟೊ ಹಚ್ತಾರೇನು?"

"ಹಚ್ತಾರ. ಮ್ಯಾಲೆ ಶಿಕ್ಕಾ ಹೊಡೀತಾರ."

ಅತ್ತಿ ಬಾಟಲಿಯನ್ನು ಮತ್ತೆ ಉಪ್ಪಿನಕಾಯಿಯ ಹಿಂದೆ ಇಟ್ಟಳು. ಗೆದ್ದೆ ಅಂದುಕೊಂಡು ನಾನು ಕಚೇರಿಗೆ ಹೋದೆ. ಸಂಜೆ ಬಂದಾಗ ಆಕೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ನನ್ನ ಪೆನ್ನಿನಿಂದ ಏನೋ ಬರೆಯುತ್ತ ಕುಳಿತಿದ್ದಳು. ನೀಲವ್ವ, ನೀಲವ್ವ, ನೀಲವ್ವ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ವ ಅಕ್ಷರದ ಒತ್ತು ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ಹೋಗಿತ್ತು. ತಲೆ ಎತ್ತದೆ ಅಂದಳು: "ನನ್ನ ಹೆಸರಲೆ ತಗಿಸು."

ಆಗ ನನಗೆ ಹೊಳೆಯಿತು. ಆಕೆಯ ಹೆಸರಿನಲ್ಲಿ ಒಂದು ಕಾಗದವೂ ಇರಲಿಲ್ಲ. ಮನೆ ಮೈದುನನ ಹೆಸರಿನಲ್ಲಿ, ಹೊಲ ಮೈದುನನ ಹೆಸರಿನಲ್ಲಿ. ಮತದಾರರ ಫೋಟೊ ಕಾರ್ಡು ಇನ್ನೂ ಬಂದಿರಲಿಲ್ಲ, ಬಂದ ವರ್ಷವೂ ಫೋಟೊ ತೆಗೆಯುವ ದಿನ ಆಕೆ ನಮ್ಮ ಮನೆಯಲ್ಲಿದ್ದು ತಪ್ಪಿಹೋಯಿತು. ಆ ಮನೆಯ ಮದುವೆಗಳ ಫೋಟೊಗಳಲ್ಲಿ ಬಾಣಸಿಗರು ಸಹ ಇದ್ದಾರೆ, ಅತ್ತಿ ಇಲ್ಲ. ಆಕೆಗೆ ಬೇಕಾಗಿದ್ದದ್ದು ವೈನಲ್ಲ ಎಂಬುದು ನನ್ನಂಥ ಕಾಗದದ ಮನುಷ್ಯನಿಗೆ ಮೊದಲು ತಿಳಿಯಬೇಕಾಗಿತ್ತು. ಕೊನೆಗೆ ತಿಳಿಯಿತು, ನಾಚಿಕೆಯೂ ಆಯಿತು.

ಅರ್ಜಿಗೆ ರೇಶನ್ ಕಾರ್ಡು ತೋರಿಸಬೇಕಿತ್ತು. ಅದು ಅಕ್ಕಲಕೋಟೆಯಲ್ಲಿ, ಮೈದುನನ ಟ್ರಂಕಿನಲ್ಲಿ. ಇಬ್ಬರೂ ಎಸ್‌ಟಿ ಬಸ್ಸಿನಲ್ಲಿ ಹೋದೆವು. "ಅತ್ತಿಗಿ, ಕಾರ್ಡು ಯಾಕ ಬೇಕು?" ಎಂದು ಆತ ಕೇಳಿದ. "ಸರಕಾರಿ ಕೆಲಸ ಅದ" ಎಂದಳು ಅತ್ತಿ, ಜಿಲ್ಲಾಧಿಕಾರಿಯೇ ಕರೆಕಳಿಸಿದ್ದಾನೆ ಎನ್ನುವ ಧಾಟಿಯಲ್ಲಿ. ಕಾರ್ಡಿನಲ್ಲಿ ಆಕೆಯ ಹೆಸರು ಎಲ್ಲಕ್ಕಿಂತ ಕೆಳಗೆ, ಮೊಮ್ಮಕ್ಕಳಾದ ಮೇಲೆ ಬರೆದಿತ್ತು.

ಮರುದಿನ ಫೋಟೊ ಸ್ಟುಡಿಯೋ. ಇಳಕಲ್ ಸೀರೆ, ಹಣೆಗೆ ವಿಭೂತಿ. ನಗು ಅಂದರೆ ನಗಲಿಲ್ಲ. "ಸರಕಾರಿ ಫೋಟೊದಾಗ ಯಾರು ನಗ್ತಾರ?" ಎಂದು ಫೋಟೊದವನಿಗೇ ಕೇಳಿದಳು.

ಇನ್ನು ನನ್ನ ಹೆದರಿಕೆಯ ಸಂಗತಿ. ಆ ಪರವಾನಾ ಕಚೇರಿಯ ಬಾಗಿಲತನಕ ಹೋದೆ. ಒಳಗೆ ನನಗೆ ಪರಿಚಯದ ಒಬ್ಬ ಗುಮಾಸ್ತ ಕಾಣಿಸಿದ. ನನ್ನ ಕಾಲು ಅಲ್ಲೇ ನಿಂತವು. "ನೀ ಒಳಗ ಹೋಗತ್ತಿ, ನಾ ಇಲ್ಲಿ ಸೈಕಲ್ ಕಾಯ್ತೀನಿ" ಎಂದೆ. ಸೈಕಲ್ಲಿಗೆ ಕೀಲಿ ಹಾಕಿತ್ತು. ಅದು ಆಕೆಗೂ ಕಂಡಿತ್ತು. ಒಂದು ಕ್ಷಣ ನನ್ನ ಮುಖ ನೋಡಿ, ಕಾಗದದ ಪಾಕೀಟು ಬಗಲಿಗೆ ಅವುಚಿಕೊಂಡು ಒಬ್ಬಳೇ ಒಳಗೆ ಹೋದಳು. ನನ್ನನ್ನು ಮೊದಲ ದಿನ ಸಾಲಿಗೆ ಕಳಿಸಲು ಬಂದಾಗ ಆಕೆ ಮಧ್ಯಾಹ್ನದವರೆಗೆ ಕಿಡಕಿಯ ಹೊರಗೆ ಬಿಸಿಲಲ್ಲಿ ನಿಂತಿದ್ದಳು. ನಾನು ಬೇವಿನ ಗಿಡದ ನೆರಳಲ್ಲಿ, ಯಾರಾದರೂ ಕಂಡಾರು ಎಂದು ಬೆನ್ನು ತಿರುಗಿಸಿ ನಿಂತಿದ್ದೆ.

ಒಳಗೆ ನಡೆದದ್ದನ್ನು ಆಮೇಲೆ ಆಕೆಯೇ ಹೇಳಿದಳು. ಗುಮಾಸ್ತ ಅರ್ಜಿ ನೋಡಿ, ಯಾರ ಸಲುವಾಗಿ ಅಜ್ಜಿ ಎಂದು ಮರಾಠಿಯಲ್ಲಿ ಕೇಳಿದನಂತೆ. "ಮಾಝ್ಯಾಸಾಠೀ" ಅಂದಳಂತೆ ಅತ್ತಿ. ನನ್ನ ಸಲುವಾಗಿ. ಆ ಮಾತನ್ನು ಆಕೆ ಯಾವ ಭಾಷೆಯಲ್ಲೂ ಅದಕ್ಕೂ ಮೊದಲು ಆಡಿದ್ದನ್ನು ನಾನು ಕೇಳಿಲ್ಲ. ಹೆಬ್ಬೆಟ್ಟಿಗೆ ಮಸಿ ಮುಂದೆ ಮಾಡಿದರೆ ಬೇಡ ಎಂದು ಸಹಿ ಮಾಡಿದಳು. ಒಂದು ವರ್ಷದ್ದು ಬೇಕೋ ಆಜೀವನದ್ದು ಬೇಕೋ ಎಂದರೆ, "ಪೂರ್ತಿದ್ದ ಕೊಡ್ರಿ, ವರ್ಷಾ ವರ್ಷಾ ಯಾರು ಬರ್ತಾರ" ಅಂದಳು.

ಪರವಾನಾ ಕೈಗೆ ಬಂದ ದಿನ ಬರ್ಫಕ್ಕೆ ಹಚ್ಚಿದೆವು. ನನ್ನ ಅನುಭವದ ಮಾತು ಕೇಳಿ: ಬರೀ ವೈನ್ ಗೂಡಿನಲ್ಲಿಟ್ಟರೆ ಅದು ಗಟ್ಟಿಯಾಗುವುದಿಲ್ಲ. ಸೊಕ್ಕಿನ ವಸ್ತು, ಬಗ್ಗುವುದಿಲ್ಲ. ಒಂದು ವಾಟಿ ವೈನಿಗೆ ಎರಡು ವಾಟಿ ಸೋಸಿದ ಕಲ್ಲಂಗಡಿ ರಸ, ಅರ್ಧ ನಿಂಬೆಹಣ್ಣು, ಬೀಜ ತೆಗೆದ ಕಪ್ಪು ದ್ರಾಕ್ಷಿ ಬೇಕು. ಸಕ್ಕರೆಗೆ ಕೈ ಬಿಗಿ ಹಿಡಿಯಬೇಕು, ಹೆಚ್ಚಾದರೆ ಅದೂ ಬರ್ಫ ಆಗಗೊಡುವುದಿಲ್ಲ. ಅಗಲ ತಾಟಿನಲ್ಲಿ ತೆಳುವಾಗಿ ಸುರಿದಿಟ್ಟು ತಾಸಿಗೊಮ್ಮೆ ಚಮಚೆಯಿಂದ ಕೆದರಬೇಕು. ಎಲ್ಲ ಸರಿಯಾದಾಗ ನಮ್ಮ ಊರಿನ ಲೈಟ್ ಹೋಗುತ್ತದೆ. ಅವತ್ತೂ ಹೋಯಿತು. ಅರ್ಧ ನೀರು ಅರ್ಧ ಹರಳು ಇದ್ದದ್ದನ್ನೇ ಸುನಂದಾ ಸ್ಟೀಲಿನ ವಾಟಿಯಲ್ಲಿ ಹಾಕಿ ಕೊಟ್ಟಳು.

ಅತ್ತಿ ಎರಡು ಚಮಚೆ ತಿಂದಳು. ಕಣ್ಣು ಮುಚ್ಚಿಕೊಂಡು, ನಿಧಾನವಾಗಿ. ನಾವಿಬ್ಬರೂ ಆಕೆಯ ಬಾಯನ್ನೇ ನೋಡುತ್ತ ಕುಳಿತಿದ್ದೆವು.

"ದ್ರಾಕ್ಷಾಸವನ ಇದರಕಿಂತ ಖಡಕ್ ಇರ್ತದ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟಕ್ಕ ಅಷ್ಟ್ ಹೆದರಿದ್ದೇನೋ?"

ಸೈಕಲ್ಲಿನ ಮಾತು ಆಡಲಿಲ್ಲ. ಮುಂದೆಯೂ ಎಂದೂ ಆಡಲಿಲ್ಲ. ಸುನಂದಾ ತಾಟಿನ ಕಡೆ ಚಮಚೆ ಚಾಚಿದಾಗ ಮಾತ್ರ ಆಕೆಯ ಕೈ ತಡೆದಳು: "ನಿಮಗ ಪರವಾನಾ ಎಲ್ಲೆದ?" ಉಳಿದದ್ದು ಮೋರಿಗೆ ಹೋಯಿತು. ಪ್ರತಿ ಬೇಸಿಗೆಯೂ ಹೀಗೆಯೇ. ಅಕ್ಕಲಕೋಟೆಯಿಂದ ಬರುವಾಗ ಚೀಲದಲ್ಲಿ ಸೀರೆಯ ನಡುವೆ ಪರವಾನಾ ಇರುತ್ತಿತ್ತು. "ಸುಮ್ಮ ಬಿದ್ದಿರಬಾರದದು" ಎಂದು ಒಂದು ದಿನ ಬರ್ಫ ಮಾಡಿಸಿ, ಎರಡು ಚಮಚೆ ತಿಂದು, ಕಾಗದವನ್ನು ಮತ್ತೆ ಮಡಿಚಿಡುತ್ತಿದ್ದಳು.

ಏಳನೇ ಬೇಸಿಗೆಗೆ ಆಕೆ ಬರಲಿಲ್ಲ. ವೈಶಾಖದಲ್ಲಿ ಅಕ್ಕಲಕೋಟೆಯಲ್ಲಿಯೇ, ನಿದ್ದೆಯಲ್ಲಿ ಹೋದಳು. ಗೋಡೆಗೆ ಹಾಕಲು ಆ ಮನೆಯವರು ಫೋಟೊ ಹುಡುಕಿದರು, ಸಿಗಲಿಲ್ಲ. ಚೀಲದಿಂದ ಪರವಾನಾ ತೆಗೆದುಕೊಂಡು ನಾನು ಸ್ಟುಡಿಯೋಕ್ಕೆ ಹೋದೆ. ಅವನು ಅದೇ ಫೋಟೊವನ್ನು ದೊಡ್ಡದು ಮಾಡಿಕೊಟ್ಟ. ಎಡಭುಜದ ಮೇಲಿನ ಶಿಕ್ಕಾದ ಕಾಲು ಭಾಗ ಹಾಗೆಯೇ ಉಳಿಯಿತು. ಅದೇನು ಎಂದು ಮೈದುನನ ಮಗ ಕೇಳಿದಾಗ, "ಸರಕಾರದ್ದು" ಎಂದಷ್ಟೇ ಹೇಳಿದೆ. ಮತ್ತೊಮ್ಮೆ ಗಿಡದ ನೆರಳಿಗೆ ಸರಿದು ನಿಂತಂತಾಯಿತು.

ವರ್ಷದ ಕಾರ್ಯಕ್ಕೆ ಎಡೆ ಇಡುತ್ತಾರಲ್ಲ, ಸತ್ತವರಿಗೆ ಪ್ರೀತಿಯಾದ ಪದಾರ್ಥ. ಹೋಳಿಗೆ, ಮಾದಲಿ, ಬದನೆಕಾಯಿ ಎಣ್ಣೆಗಾಯಿ ಇಟ್ಟರು. ದ್ರಾಕ್ಷಾಸವದ ಸೀಸೆಯನ್ನೂ ಮರೆಯದೆ ಇಟ್ಟರು. ನಾನು ಸೊಲ್ಲಾಪುರದಿಂದ ಥರ್ಮಾಸಿನಲ್ಲಿ ತಂದದ್ದನ್ನು ಸ್ಟೀಲಿನ ವಾಟಿಗೆ ಸುರಿದು ಫೋಟೊದ ಮುಂದೆ ಇಟ್ಟೆ. ದಾರಿಯಲ್ಲಿ ಅದೂ ಅರ್ಧ ಕರಗಿತ್ತು.

"ಏನಿದು?" ಎಂದ ಮೈದುನ. ಎಂಬತ್ತರ ಹತ್ತಿರದ ಮುದುಕ, ಎಲ್ಲರೂ ಅವನ ಹಿಂದೆ ಕೂತಿದ್ದರು.

"ವೈನಿನ ಬರ್ಫ" ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಅತ್ತಿ ವರ್ಷಾ ವರ್ಷಾ ತಿಂತಿದ್ದಳು. ಆಕಿ ಹೆಸರಲೆ ಪರವಾನಾ ಅದ."

ಜೇಬಿನಿಂದ ಕಾಗದ ತೆಗೆದು ಅವನ ಕೈಗೆ ಕೊಟ್ಟೆ. ಆತ ಮೂಗಿಗೆ ಚಾಳೀಸು ಏರಿಸಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಬೆರಳು ಇಟ್ಟು, ಕೆಳಗಿನ ಸಹಿಯನ್ನು ಅಕ್ಷರ ಅಕ್ಷರವಾಗಿ ಓದಿದ. "ನೀಲವ್ವ." ಆ ಮನೆಯಲ್ಲಿ ಆ ಹೆಸರು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪೂಜೆ ಮುಗಿದ ಮೇಲೆ, ಎಡೆಯ ಪ್ರಸಾದ ಹಂಚುವಾಗ, ಆ ವಾಟಿಯತ್ತ ಎಲ್ಲರಿಗಿಂತ ಮೊದಲು ಆತ ಅಂಗೈ ಚಾಚಿದ.

ಆಜೀವನದ ಪರವಾನಾ ಒಂದು ವರ್ಷದ ಹಿಂದೆಯೇ ಮುಗಿದಿದೆ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆದರೂ ನನ್ನ ಪಾಲಿನ ಒಂದು ಚಮಚೆ ನಾನೂ ತೆಗೆದುಕೊಂಡೆ. ತಂಪಿತ್ತು, ಒಂದಿಷ್ಟು ಒಗರು, ಒಂದಿಷ್ಟು ಸಿಹಿ. ಅತ್ತಿ ಹೇಳಿದ್ದು ಖರೆ. ಅಷ್ಟು ಹೆದರುವಂಥದ್ದು ಅದರಲ್ಲಿ ಏನೂ ಇರಲಿಲ್ಲ.